ಫಾರಂ ‘ಕಳುಹಿಸಲಾಗಿದೆ’ ಎನ್ನುತ್ತದೆ, ಇಮೇಲ್ ಮಾತ್ರ ಬರುವುದಿಲ್ಲ: ಶಂಕರಪುರದ ಸದಸ್ಯರ ಪ್ರಶ್ನೆಗೆ ಉತ್ತರ

ನಮಸ್ಕಾರ. ಮಲ್ಲಿಗೆ ಗಿಡ ಮತ್ತು ಹೂವಿನ ಆರ್ಡರ್ ತೆಗೆದುಕೊಳ್ಳಲು ಮಾಡಿಸಿದ ಜಾಲತಾಣದ ಬಗ್ಗೆ ಶಂಕರಪುರದ ನಮ್ಮ ಸದಸ್ಯರು ನಿನ್ನೆ ಈ ಗುಂಪಿನಲ್ಲಿ ಕೇಳಿದ್ದರು. ಸೈಟನ್ನು ಹೊಸ ಸರ್ವರ್‌ಗೆ ಸಾಗಿಸಿದ ಮೇಲೆ ಗ್ರಾಹಕರು ಫಾರಂ ತುಂಬಿದರೆ ‘ನಿಮ್ಮ ಆರ್ಡರ್ ಕಳುಹಿಸಲಾಗಿದೆ’ ಎಂದು ಪರದೆಯ ಮೇಲೆ ಬರುತ್ತದೆ, ಆದರೆ ಆ ಆರ್ಡರ್‌ನ ಇಮೇಲ್ ಸದಸ್ಯರಿಗೆ ಬರುವುದೇ ಇಲ್ಲ, ಸ್ಪ್ಯಾಮ್‌ನಲ್ಲಿ ಹುಡುಕಿದರೂ ಸಿಗುವುದಿಲ್ಲ ಎಂಬುದು ಅವರ ತೊಂದರೆ. ಕೋಡ್‌ನ ಚಿತ್ರವನ್ನೂ ಹಾಕಿದ್ದಾರೆ. ಸರ್ವರ್ ಯಾವ ಬಗೆಯದ್ದೆಂದು ಬರೆದಿಲ್ಲವಾದ್ದರಿಂದ ಸಿಪ್ಯಾನೆಲ್ (ಸೈಟ್ ನಿರ್ವಹಿಸುವ ತಂತ್ರಾಂಶ) ಇರುವ ಹೋಸ್ಟಿಂಗ್ ಮತ್ತು ನಾವೇ ನೋಡಿಕೊಳ್ಳುವ ಉಬುಂಟು (ಲಿನಕ್ಸ್ ಬಗೆಯ) ಸರ್ವರ್ ಎರಡನ್ನೂ ಮನಸ್ಸಿನಲ್ಲಿಟ್ಟು ಬರೆಯುತ್ತಿದ್ದೇನೆ. ಮಂಗಳೂರಿನಲ್ಲಿ ಇಂಥ ಸಣ್ಣ ಸೈಟ್‌ಗಳನ್ನು ನೋಡಿಕೊಳ್ಳುವುದೇ ನನ್ನ ಉದ್ಯೋಗ, ತಾರಸಿಯಲ್ಲಿ ಗಿಡ ಬೆಳೆಸುವುದು ಸಂಜೆಯ ಹವ್ಯಾಸ. ಹಾಗಾಗಿ ಈ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ.

ಉಳಿದದ್ದಕ್ಕಿಂತ ಮೊದಲು ಇವತ್ತೇ ಆಗಬೇಕಾದ ಕೆಲಸ ಒಂದಿದೆ. ಫಾರಂನಲ್ಲಿ ಬಂದ ಆರ್ಡರ್ ಇಮೇಲ್‌ಗೆ ಹೋಗುವ ಮುನ್ನ ಡೇಟಾಬೇಸ್‌ನಲ್ಲಿ ದಾಖಲಾಗುವಂತೆ ಮಾಡಿ. ನಿಮ್ಮ ಕೋಡ್‌ನಲ್ಲಿ ಆರ್ಡರ್ ಇರುವುದು ಇಮೇಲ್‌ನಲ್ಲಿ ಮಾತ್ರ, ಅದು ದಾರಿ ತಪ್ಪಿದರೆ ಗ್ರಾಹಕರ ಹೆಸರೂ ಫೋನ್ ನಂಬರೂ ಶಾಶ್ವತವಾಗಿ ಹೋದಂತೆ. ಮದುವೆಗೆಂದು ಹತ್ತು ಅಟ್ಟೆ (ಹೂವಿನ ಅಳತೆ) ಮಲ್ಲಿಗೆ ಕೇಳಿದವರಿಗೆ ಆ ದಿನ ಬೆಳಿಗ್ಗೆ ಹೂವು ಸಿಗದಿದ್ದರೆ ಅವರಿಗೆ ಆಗುವ ಕಷ್ಟ ಸಣ್ಣದಲ್ಲ. ಇಮೇಲ್ ಎಷ್ಟೇ ಸರಿಯಾಗಿ ಹೊಂದಿಸಿದರೂ ಒಂದಲ್ಲ ಒಂದು ದಿನ ತಡವಾಗುತ್ತದೆ ಅಥವಾ ತಪ್ಪುತ್ತದೆ, ಆದ್ದರಿಂದ ಅದನ್ನು ಸೂಚನೆ ಕೊಡಲು ಮಾತ್ರ ಬಳಸಬೇಕು, ಲೆಕ್ಕ ಇಡಲು ಅಲ್ಲ.

ಇನ್ನು ಮುಖ್ಯ ವಿಷಯ. ನಿಮ್ಮ ಸೈಟಿನ ಕೋಡ್ ಬರೆದಿರುವ ಭಾಷೆಯಾದ ಪಿಎಚ್‌ಪಿಯಲ್ಲಿ ಇಮೇಲ್ ಕಳುಹಿಸುವ ಮೇಲ್ ಫಂಕ್ಷನ್ ‘ಟ್ರೂ’ (ಸರಿ) ಎಂದು ಉತ್ತರ ಕೊಟ್ಟರೆ, ಅದೇ ಸರ್ವರ್‌ನಲ್ಲಿರುವ ಮೇಲ್ ತಂತ್ರಾಂಶ ಸಂದೇಶವನ್ನು ಕೈಗೆ ತೆಗೆದುಕೊಂಡಿತು ಎಂದಷ್ಟೇ ಅರ್ಥ. ಶಿರ್ವದಲ್ಲಿ ಹೂವಿನ ಕಟ್ಟನ್ನು ಬಸ್ಸಿಗೆ ಹಾಕಿದ ಮಾತ್ರಕ್ಕೆ ಮಂಗಳೂರಿನಲ್ಲಿ ಅದು ಅಂಗಡಿಯವರ ಕೈ ಸೇರಿತು ಎಂದು ಹೇಳಲಾಗುವುದಿಲ್ಲವಲ್ಲ, ಇದೂ ಹಾಗೆಯೇ. ನಿಮ್ಮ ಚಿತ್ರವನ್ನು ದೊಡ್ಡದು ಮಾಡಿ ನೋಡಿದಾಗ ಆ ‘ಟ್ರೂ’ ಬಂದಿದೆಯೇ ಎಂಬುದನ್ನೂ ಕೋಡ್ ಪರೀಕ್ಷಿಸುತ್ತಿಲ್ಲ ಎಂದು ತಿಳಿಯಿತು: ಮೇಲ್ ಫಂಕ್ಷನ್ ಇರುವ ಸಾಲಿನ ಕೆಳಗೇ ಧನ್ಯವಾದದ ಪುಟಕ್ಕೆ ಕಳುಹಿಸುವ ಸಾಲಿದೆ, ನಡುವೆ ‘ಇಫ್’ ಎಂಬ ಷರತ್ತಿನ ಸಾಲು ಇಲ್ಲ. ಎಂದರೆ ಸರ್ವರ್‌ನಲ್ಲಿ ಇಮೇಲ್ ಕಳುಹಿಸುವ ವ್ಯವಸ್ಥೆಯೇ ಇಲ್ಲದಿದ್ದರೂ ಗ್ರಾಹಕರಿಗೆ ‘ಕಳುಹಿಸಲಾಗಿದೆ’ ಎಂದೇ ಕಾಣುತ್ತದೆ. ಈ ಗುಂಪಿನಲ್ಲಿ ಕೆಲವರು ಹೋಸ್ಟಿಂಗ್ ಬದಲಿಸಿ ಎಂದು ಸಲಹೆ ಕೊಟ್ಟಿದ್ದಾರೆ, ಇನ್ನು ಕೆಲವರು ಬೇರೆ ಕೋಡ್ ಹಾಕಿ ಎಂದಿದ್ದಾರೆ. ಇಮೇಲ್ ಯಾವ ಹಂತದಲ್ಲಿ ನಿಂತಿದೆ ಎಂದು ಲಾಗ್ (ಸರ್ವರ್ ತಾನೇ ಬರೆದಿಡುವ ದಿನಚರಿ) ಓದಿ ತಿಳಿಯುವ ತನಕ ಈ ಎರಡನ್ನೂ ಮಾಡಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಕಾರಣ ತಿಳಿಯದೆ ನಾಲ್ಕು ಕಡೆ ಬದಲಾವಣೆ ಮಾಡಿದರೆ, ಮುಂದೆ ಸರಿಯಾದರೂ ಯಾವುದರಿಂದ ಸರಿಯಾಯಿತು ಎಂಬುದು ಗೊತ್ತಾಗುವುದಿಲ್ಲ.

ಲಾಗ್ ನೋಡುವ ಕ್ರಮ ಹೀಗೆ. ಹೊಸದಾಗಿ ಹಾಕಿದ ಉಬುಂಟು ಸರ್ವರ್‌ನಲ್ಲಿ ಸಾಮಾನ್ಯವಾಗಿ ಮೇಲ್ ತಂತ್ರಾಂಶವೇ ಇರುವುದಿಲ್ಲ. ಹಾಗಿದ್ದರೆ ವೆಬ್ ಸರ್ವರ್‌ನ ಅಥವಾ ಪಿಎಚ್‌ಪಿಯ ಎರರ್ ಲಾಗ್‌ನಲ್ಲಿ ‘ಸೆಂಡ್‌ಮೇಲ್’ ಎಂಬ ಮೇಲ್ ತಂತ್ರಾಂಶದ ಹೆಸರಿನ ಮುಂದೆ ‘ನಾಟ್ ಫೌಂಡ್’ ಎಂದು ಬರೆದಿರುತ್ತದೆ. ಸರ್ವರ್ ಬದಲಿಸಿದ ಕೂಡಲೇ ಇಮೇಲ್ ನಿಂತಿತು ಎಂದು ನೀವು ಹೇಳಿರುವುದರಿಂದ ನನಗೆ ಮೊದಲ ಸಂಶಯ ಇದರ ಮೇಲೆಯೇ ಇದೆ. ಅಂಥ ಸಾಲು ಕಾಣದಿದ್ದರೆ ಸರ್ವರ್‌ನ ಮೇಲ್ ಲಾಗ್ ತೆರೆಯಿರಿ. ಪೋಸ್ಟ್‌ಫಿಕ್ಸ್ ಎಂಬ ಮೇಲ್ ತಂತ್ರಾಂಶ ಇರುವ ಕಡೆ ಪ್ರತಿ ಇಮೇಲ್‌ಗೂ ‘ಸ್ಟೇಟಸ್’ ಎಂಬ ಪದ ಇರುವ ಒಂದು ಸಾಲು ಸಿಗುತ್ತದೆ. ಅಲ್ಲಿ ‘ಸೆಂಟ್’ ಎಂದಿದ್ದು, ಪಕ್ಕದ ಆವರಣದಲ್ಲಿ ಆಚೆ ಕಡೆಯ ಸರ್ವರ್ ಕೊಟ್ಟ 250 ಎಂಬ ಸಂಖ್ಯೆ ಇದ್ದರೆ ಅವರು ಇಮೇಲ್ ಸ್ವೀಕರಿಸಿದ್ದಾರೆ, ಇನ್ನು ಹುಡುಕಬೇಕಾದದ್ದು ಅವರ ಸ್ಪ್ಯಾಮ್ ಪೆಟ್ಟಿಗೆಯಲ್ಲಿ. ‘ಡಿಫರ್ಡ್’ ಎಂದಿದ್ದರೆ ತಾತ್ಕಾಲಿಕವಾಗಿ ತಡೆಯಾಗಿದೆ, ಸರ್ವರ್ ಮತ್ತೆ ಪ್ರಯತ್ನಿಸುತ್ತದೆ. ‘ಬೌನ್ಸ್ಡ್’ ಎಂದಿದ್ದರೆ ಆಚೆಯವರು ಖಚಿತವಾಗಿ ಬೇಡವೆಂದಿದ್ದಾರೆ, ಕಾರಣವನ್ನೂ ಅದೇ ಸಾಲಿನಲ್ಲಿ ಇಂಗ್ಲಿಷಿನಲ್ಲಿ ಬರೆದಿರುತ್ತಾರೆ. 4ರಿಂದ ಆರಂಭವಾಗುವ ಸಂಖ್ಯೆಗಳು ತಾತ್ಕಾಲಿಕ ತೊಂದರೆಯನ್ನೂ, 5ರಿಂದ ಆರಂಭವಾಗುವವು ಶಾಶ್ವತ ನಿರಾಕರಣೆಯನ್ನೂ ಸೂಚಿಸುತ್ತವೆ ಎಂಬುದನ್ನು ನೆನಪಿಟ್ಟರೆ ಲಾಗ್ ಓದುವುದು ಅರ್ಧ ಸುಲಭವಾಗುತ್ತದೆ. ಸಿಪ್ಯಾನೆಲ್ ಬಳಸುವವರಿಗೆ ಇದೇ ಮಾಹಿತಿ ‘ಟ್ರ್ಯಾಕ್ ಡೆಲಿವರಿ’ ಎಂಬಲ್ಲಿ ಸಿಗುತ್ತದೆ. ಮೇಲ್ ಲಾಗ್‌ನಲ್ಲಿ ನಿಮ್ಮ ಇಮೇಲ್‌ನ ಸುಳಿವೇ ಇಲ್ಲದಿದ್ದರೆ ಪಿಎಚ್‌ಪಿಯ ಐಎನ್‌ಐ ಎಂಬ ಸೆಟ್ಟಿಂಗ್ ಕಡತದಲ್ಲಿ ‘ಮೇಲ್ ಡಾಟ್ ಲಾಗ್’ ಎಂಬ ಆಯ್ಕೆಗೆ ಒಂದು ಕಡತದ ಹೆಸರು ಕೊಡಿ. ಯಾವ ಸ್ಕ್ರಿಪ್ಟಿನ ಎಷ್ಟನೆಯ ಸಾಲಿನಿಂದ ಯಾರಿಗೆ ಇಮೇಲ್ ಹೊರಟಿತು ಎಂಬುದನ್ನು ಅದು ದಾಖಲಿಸುತ್ತದೆ, ಅದರಲ್ಲೂ ಏನೂ ಇಲ್ಲವೆಂದರೆ ಕೋಡ್ ಆ ಸಾಲಿನವರೆಗೆ ಬಂದೇ ಇಲ್ಲ.

ಲಾಗ್‌ನಲ್ಲಿ ‘ಕನೆಕ್ಷನ್ ಟೈಮ್ಡ್ ಔಟ್’ ಎಂದೂ, ಅದರೊಂದಿಗೆ 25 ಎಂಬ ಪೋರ್ಟ್ (ಸರ್ವರ್‌ನ ಸಂಪರ್ಕ ದ್ವಾರ) ಸಂಖ್ಯೆಯೂ ಕಂಡರೆ ಕೋಡ್‌ನಲ್ಲಿ ತಪ್ಪು ಹುಡುಕುತ್ತಾ ಕೂರಬೇಡಿ. ಸ್ಪ್ಯಾಮ್ ತಡೆಯಲು ಅನೇಕ ಕ್ಲೌಡ್ ಕಂಪನಿಗಳು ತಮ್ಮ ಸರ್ವರ್‌ಗಳಿಂದ 25ನೇ ಪೋರ್ಟ್ ಮೂಲಕ ಇಮೇಲ್ ಹೊರಹೋಗದಂತೆ ಬಂದ್ ಮಾಡಿವೆ. ಗೂಗಲ್ ಕ್ಲೌಡ್ ಮತ್ತು ಅಮೆಜಾನ್‌ನ ಇಸಿ2 ಎರಡರಲ್ಲೂ ಈ ನಿರ್ಬಂಧವಿದೆ. ಇದಕ್ಕೆ ಪರಿಹಾರ, ಯೂಸರ್ ನೇಮ್ ಮತ್ತು ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗುವ ಎಸ್‌ಎಂಟಿಪಿ (ಇಮೇಲ್ ಸಾಗಿಸುವ ನಿಯಮಾವಳಿ) ಮೂಲಕ, 587 ಅಥವಾ 465ನೇ ಪೋರ್ಟಿನಿಂದ ಕಳುಹಿಸುವುದು. 25 ತೆರೆದಿದ್ದರೂ ಇದೇ ದಾರಿ ಒಳ್ಳೆಯದೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಸಣ್ಣ ವ್ಯಾಪಾರದವರು ತಾವೇ ಮೇಲ್ ಸರ್ವರ್ ನಡೆಸಿ ಅದರ ಹೆಸರು ಕೆಡದಂತೆ ಕಾಯುವುದು ಬಹಳ ಶ್ರಮದ ಕೆಲಸ. ಪಿಎಚ್‌ಪಿಮೇಲರ್ ಎಂಬ ಉಚಿತ ಲೈಬ್ರರಿಯಿಂದ (ಸಿದ್ಧ ಕೋಡ್‌ನ ಕಟ್ಟಿನಿಂದ) ಇದನ್ನು ಮಾಡಬಹುದು. ಅದರಲ್ಲಿ ಎಸ್‌ಎಂಟಿಪಿ ಡಿಬಗ್ ಎಂಬ ದೋಷ ಹುಡುಕುವ ಆಯ್ಕೆಗೆ 2 ಎಂಬ ಬೆಲೆ ಕೊಟ್ಟರೆ ಎರಡೂ ಸರ್ವರ್‌ಗಳ ನಡುವಿನ ಸಂಭಾಷಣೆ ಸಾಲುಸಾಲಾಗಿ ಪರದೆಯ ಮೇಲೆ ಬರುತ್ತದೆ. ಅಲ್ಲಿ 535 ಕಂಡರೆ ಪಾಸ್‌ವರ್ಡ್ ಒಪ್ಪಿಗೆಯಾಗಿಲ್ಲ ಎಂದರ್ಥ. ಜಿಮೇಲ್ ಖಾತೆ ಬಳಸುವುದಾದರೆ ನಿತ್ಯದ ಪಾಸ್‌ವರ್ಡ್ ನಡೆಯದು, 2022ರ ಮೇ 30ರಿಂದ ಗೂಗಲ್ ಅದನ್ನು ನಿಲ್ಲಿಸಿದೆ. ಎರಡು ಹಂತದ ದೃಢೀಕರಣ ಹಾಕಿಕೊಂಡು, 16 ಅಕ್ಷರಗಳ ಆಪ್ ಪಾಸ್‌ವರ್ಡ್ ಪಡೆದು ಅದನ್ನೇ ಕೊಡಬೇಕು. ಪರೀಕ್ಷೆ ಮುಗಿದೊಡನೆ ಡಿಬಗ್ ಆರಿಸುವುದನ್ನು ಮರೆಯಬೇಡಿ.

ನಿಮ್ಮ ಕೋಡ್‌ನಲ್ಲಿ ನನಗೆ ಸ್ಪಷ್ಟವಾಗಿ ಕಾಣುವ ಇನ್ನೊಂದು ದೋಷ ‘ಫ್ರಂ’ ಸಾಲಿನಲ್ಲಿದೆ, ಸರ್ವರ್ ಸರಿಯಾದ ಮೇಲೂ ಇದು ನಿಮ್ಮನ್ನು ಕಾಡುತ್ತದೆ. ಉತ್ತರಿಸಲು ಸುಲಭವಾಗಲಿ ಎಂದು ಸೈಟ್ ಮಾಡಿಕೊಟ್ಟವರು ಗ್ರಾಹಕರು ತುಂಬಿದ ಇಮೇಲ್ ವಿಳಾಸವನ್ನೇ ಕಳುಹಿಸುವವರ ವಿಳಾಸವಾಗಿ ಹಾಕಿದ್ದಾರೆ. ಉದ್ದೇಶ ಒಳ್ಳೆಯದೇ, ಆದರೆ ಗ್ರಾಹಕರ ವಿಳಾಸ ಯಾಹೂವಿನದ್ದಾದರೆ ಆ ಇಮೇಲ್ ಯಾಹೂವಿನ ಸರ್ವರ್‌ನಿಂದ ಬಂದಿಲ್ಲ ಎಂಬುದನ್ನು ಸ್ವೀಕರಿಸುವವರು ಕ್ಷಣದಲ್ಲಿ ಪತ್ತೆ ಹಚ್ಚುತ್ತಾರೆ. ತನ್ನ ಹೆಸರಿನಲ್ಲಿ ಬೇರೆಡೆಯಿಂದ ಬರುವ ಇಮೇಲ್‌ಗಳನ್ನು ತಿರಸ್ಕರಿಸಿ ಎಂದು ಯಾಹೂ 2014ರಲ್ಲೇ ಡಿಮಾರ್ಕ್ (ತಮ್ಮ ಹೆಸರಿನ ನಕಲಿ ಇಮೇಲ್ ತಡೆಯಲು ಪ್ರಕಟಿಸುವ ನೀತಿ) ಮೂಲಕ ಜಗತ್ತಿಗೆಲ್ಲ ತಿಳಿಸಿದೆ. ಹಾಗಾಗಿ ಒಬ್ಬ ಗ್ರಾಹಕರ ಆರ್ಡರ್ ಬಂದು ಇನ್ನೊಬ್ಬರದ್ದು ಬಾರದಿರುವ ವಿಚಿತ್ರ ಪರಿಸ್ಥಿತಿ ಉಂಟಾಗುತ್ತದೆ. ‘ಫ್ರಂ’ನಲ್ಲಿ ಯಾವಾಗಲೂ ನಿಮ್ಮದೇ ವಿಳಾಸ ಇರಲಿ, ಎಸ್‌ಎಂಟಿಪಿ ಬಳಸಿದರೆ ಲಾಗಿನ್ ಆದ ಖಾತೆಯ ವಿಳಾಸವೇ ಇರಲಿ. ಗ್ರಾಹಕರ ವಿಳಾಸವನ್ನು ‘ರಿಪ್ಲೈ ಟು’ ಎಂಬ ಸಾಲಿಗೆ ಹಾಕಿದರೆ, ನೀವು ಉತ್ತರ ಬರೆಯುವಾಗ ಅದು ನೇರವಾಗಿ ಅವರಿಗೇ ಹೋಗುತ್ತದೆ. ಹೀಗೆ ಹಾಕುವ ಮುನ್ನ ಅದು ನಿಜವಾಗಿ ಒಂದು ಇಮೇಲ್ ವಿಳಾಸವೇ ಎಂದು ಪಿಎಚ್‌ಪಿಯ ಫಿಲ್ಟರ್‌ನಿಂದ ಪರೀಕ್ಷಿಸಿ. ಪರೀಕ್ಷೆ ಇಲ್ಲದ ಕಡೆ ಕಿಡಿಗೇಡಿಗಳು ಆ ಜಾಗದಲ್ಲಿ ಹೊಸ ಸಾಲು ಸೇರಿಸಿ, ಗುಟ್ಟಾಗಿ ಬೇರೆಯವರ ವಿಳಾಸಗಳನ್ನು ತುರುಕಿ, ನಿಮ್ಮ ಸರ್ವರ್‌ನಿಂದಲೇ ಸ್ಪ್ಯಾಮ್ ಕಳುಹಿಸಬಲ್ಲರು.

ಸರ್ವರ್ ಬದಲಾದಾಗ ಮರೆತುಹೋಗುವ ಮತ್ತೊಂದು ಕೆಲಸ ಡಿಎನ್‌ಎಸ್‌ನಲ್ಲಿ, ಎಂದರೆ ನಿಮ್ಮ ಡೊಮೈನಿಗೆ (ಸೈಟಿನ ಹೆಸರಿಗೆ) ಸಂಬಂಧಿಸಿದ ದಾಖಲೆಗಳ ಪಟ್ಟಿಯಲ್ಲಿ, ಇರುವ ಎಸ್‌ಪಿಎಫ್ ದಾಖಲೆಯದ್ದು. ನಿಮ್ಮ ಡೊಮೈನಿನ ಪರವಾಗಿ ಇಮೇಲ್ ಕಳುಹಿಸಲು ಯಾವ ಸರ್ವರ್‌ಗಳಿಗೆ ಅನುಮತಿ ಇದೆ ಎಂದು ಹೇಳುವ ಸಾಲು ಅದು, ಅದರಲ್ಲಿ ಇನ್ನೂ ಹಳೆಯ ಸರ್ವರ್‌ನ ಐಪಿ ವಿಳಾಸವೇ ಇರುವ ಸಾಧ್ಯತೆ ಬಹಳ. ಹೊಸದನ್ನು ಅದೇ ಸಾಲಿಗೆ ಸೇರಿಸಿ. ಇನ್ನೊಂದು ಎಸ್‌ಪಿಎಫ್ ಸಾಲು ಬರೆಯಬಾರದು, ಒಂದು ಡೊಮೈನಿಗೆ ಎರಡಿದ್ದರೆ ಎರಡೂ ಅಮಾನ್ಯವಾಗುತ್ತವೆ. ಜೊತೆಗೆ ಇಮೇಲ್ ನಿಮ್ಮ ಡೊಮೈನಿನದ್ದೇ ಎಂದು ತೋರಿಸುವ ಡಿಕಿಮ್ ಎಂಬ ಡಿಜಿಟಲ್ ಸಹಿಯನ್ನೂ ಹಾಕಿಸಿಕೊಳ್ಳಿ. 2024ರ ಫೆಬ್ರವರಿಯಿಂದ ಜಿಮೇಲ್‌ಗೆ ಇಮೇಲ್ ಕಳುಹಿಸುವವರೆಲ್ಲರಿಗೂ ಇವೆರಡರಲ್ಲಿ ಒಂದಾದರೂ ಇರಲೇಬೇಕು, ಎರಡೂ ಇದ್ದರೆ ಸ್ಪ್ಯಾಮ್‌ಗೆ ಬೀಳುವ ಸಂಭವ ಕಡಿಮೆ. ಎಲ್ಲವೂ ಸರಿಯಾಗಿದೆಯೇ ಎಂದು ನೋಡಲು ಒಂದು ಪರೀಕ್ಷಾ ಇಮೇಲ್ ಅನ್ನು ಜಿಮೇಲ್‌ಗೆ ಕಳುಹಿಸಿ, ಕಂಪ್ಯೂಟರ್‌ನಲ್ಲಿ ತೆರೆದು, ಮೂರು ಚುಕ್ಕೆಗಳ ಮೆನುವಿನಲ್ಲಿ ‘ಶೋ ಒರಿಜಿನಲ್’ ಒತ್ತಿರಿ. ಪುಟದ ಮೇಲ್ಭಾಗದಲ್ಲೇ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್‌ಗಳ ಮುಂದೆ ಪಾಸ್ ಅಥವಾ ಫೇಲ್ ಎಂದು ಬರೆದಿರುತ್ತದೆ.

ಜಿಮೇಲ್‌ಗೆ ಹೋಗುತ್ತದೆ, ಆದರೆ ಸ್ವಂತ ಡೊಮೈನಿನ ವಿಳಾಸಕ್ಕೆ ಮಾತ್ರ ಬರುವುದಿಲ್ಲ ಎಂದಾದರೆ ಕಾರಣ ಬೇರೆಯೇ. ಮಂಗಳೂರಿನ ಬಂದರು ಪ್ರದೇಶದ ಅಡಿಕೆ ವ್ಯಾಪಾರಿಯೊಬ್ಬರ ಸೈಟ್‌ನಲ್ಲಿ ಇದನ್ನು ನೋಡಿದ್ದೇನೆ. ಅವರ ಇಮೇಲ್ ಖಾತೆಗಳೆಲ್ಲ ಗೂಗಲ್‌ನಲ್ಲಿದ್ದವು, ಸೈಟ್ ಇದ್ದ ಸರ್ವರ್ ಮಾತ್ರ ಆ ಡೊಮೈನಿನ ಇಮೇಲ್‌ಗಳು ತನ್ನಲ್ಲೇ ಇವೆ ಎಂದು ಭಾವಿಸಿ, ಫಾರಂನಿಂದ ಬಂದ ಪ್ರತಿಯೊಂದು ಸಂದೇಶವನ್ನೂ ತನ್ನೊಳಗಿನ ಪೆಟ್ಟಿಗೆಗೇ ಹಾಕಿಕೊಳ್ಳುತ್ತಿತ್ತು. ವಾರಗಟ್ಟಲೆ ಬಂದ ವಿಚಾರಣೆಗಳೆಲ್ಲ ಯಾರೂ ತೆರೆಯದ ಆ ಪೆಟ್ಟಿಗೆಯಲ್ಲಿ ಸುರಕ್ಷಿತವಾಗಿದ್ದವು. ಸಿಪ್ಯಾನೆಲ್‌ನ ‘ಇಮೇಲ್ ರೂಟಿಂಗ್’ನಲ್ಲಿ ‘ರಿಮೋಟ್’ ಆಯ್ದುಕೊಂಡರೆ ಇದು ಸರಿಯಾಗುತ್ತದೆ, ಪೋಸ್ಟ್‌ಫಿಕ್ಸ್‌ನಲ್ಲಾದರೆ ‘ಮೈ ಡೆಸ್ಟಿನೇಷನ್’ ಸಾಲಿನಿಂದ ಡೊಮೈನಿನ ಹೆಸರನ್ನು ತೆಗೆಯಬೇಕು.

ಕನ್ನಡದಲ್ಲಿ ಫಾರಂ ಇಟ್ಟಿರುವುದು ತುಂಬಾ ಸಂತೋಷದ ವಿಷಯ, ಆದರೆ ಅದಕ್ಕೆ ಬೇಕಾದ ವ್ಯವಸ್ಥೆ ನಿಮ್ಮ ಕೋಡ್‌ನಲ್ಲಿಲ್ಲ. ವಿಷಯದ ಸಾಲಿನಲ್ಲಿ ಕನ್ನಡವನ್ನು ಹಾಗೆಯೇ ಬರೆದಿದ್ದೀರಿ, ಇಮೇಲ್‌ನ ಹೆಡರ್‌ಗಳಲ್ಲಿ (ವಿಷಯ, ವಿಳಾಸಗಳಿರುವ ಮೇಲಿನ ಸಾಲುಗಳಲ್ಲಿ) ಅದನ್ನು ಎನ್‌ಕೋಡ್ ಮಾಡಿಯೇ (ಸರಳ ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಬದಲಿಸಿಯೇ) ಹಾಕಬೇಕು; ಇಲ್ಲದಿದ್ದರೆ ಕೆಲವೆಡೆ ಗೀಚಿದಂತೆ ಕಾಣುತ್ತದೆ, ಕೆಲವು ಸರ್ವರ್‌ಗಳು ಸ್ಪ್ಯಾಮ್ ಎಂದೂ ಎಣಿಸುತ್ತವೆ. ಇದಕ್ಕಿಂತ ಸೂಕ್ಷ್ಮವಾದದ್ದು ಸಾಲಿನ ಉದ್ದ. ಇಮೇಲ್‌ನ ನಿಯಮದಂತೆ ಒಂದು ಸಾಲು 998 ಬೈಟ್ ಮೀರುವಂತಿಲ್ಲ. ಇಂಗ್ಲಿಷಿನಲ್ಲಿ ಅದು ಧಾರಾಳವಾಯಿತು, ಆದರೆ ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು, ಒತ್ತಕ್ಷರ ಮತ್ತು ಸ್ವರಚಿಹ್ನೆಗಳು ಪ್ರತ್ಯೇಕ ಸಂಕೇತಗಳಾದ್ದರಿಂದ ‘ಮಲ್ಲಿಗೆ’ ಎಂಬ ಒಂದೇ ಪದಕ್ಕೆ 21 ಬೈಟ್ ಹೋಗುತ್ತದೆ. ಗ್ರಾಹಕರು ಎಂಟರ್ ಒತ್ತದೆ ಅಂಥ ನಲವತ್ತೈವತ್ತು ಪದಗಳಲ್ಲಿ ತಮ್ಮ ಮನೆಯ ದಾರಿ ವಿವರಿಸಿದರೆ ಸಾಲು ಮಿತಿ ದಾಟುತ್ತದೆ, ಆಗ ಕೆಲವು ಸರ್ವರ್‌ಗಳು ಇಡೀ ಸಂದೇಶವನ್ನೇ ನಿರಾಕರಿಸುತ್ತವೆ. ಚಿಕ್ಕ ಆರ್ಡರ್‌ಗಳು ಬಂದು ವಿವರವಾಗಿ ಬರೆದವು ಮಾತ್ರ ಕಾಣೆಯಾಗುವುದಕ್ಕೆ ಇದು ಕಾರಣವಾಗಬಹುದು. ಪಿಎಚ್‌ಪಿಮೇಲರ್‌ನಲ್ಲಿ ಕ್ಯಾರೆಕ್ಟರ್ ಸೆಟ್ ಯುಟಿಎಫ್-8 ಎಂದೂ, ಎನ್‌ಕೋಡಿಂಗ್ ಬೇಸ್64 ಎಂದೂ ಕೊಟ್ಟರೆ ವಿಷಯದ ಸಾಲು, ಒಳಗಿನ ಬರಹ ಎರಡೂ ಸರಿಹೋಗುತ್ತವೆ.

ಈಗ ನೀವು ಫಾರಂ ಅನ್ನು ಒಮ್ಮೆ ತುಂಬಿ, ಆ ಸಮಯ ಗುರುತು ಹಾಕಿಕೊಂಡು, ಎರರ್ ಲಾಗ್ ಮತ್ತು ಮೇಲ್ ಲಾಗ್‌ಗಳಲ್ಲಿ ಅದೇ ಹೊತ್ತಿಗೆ ಬಿದ್ದ ಸಾಲುಗಳನ್ನು ಇಲ್ಲಿ ಹಾಕಿ. ಗ್ರಾಹಕರ ವಿಳಾಸಗಳನ್ನೂ ಪಾಸ್‌ವರ್ಡನ್ನೂ ಮರೆಮಾಡಿ. ನಿನ್ನೆಯ ಚಿತ್ರದಲ್ಲಿ ಡೇಟಾಬೇಸ್‌ನ ಪಾಸ್‌ವರ್ಡ್ ಮೇಲಿನ ಮೂಲೆಯಲ್ಲಿ ಓದುವಷ್ಟು ಸ್ಪಷ್ಟವಾಗಿ ಕಾಣುತ್ತಿದೆ, ದಯವಿಟ್ಟು ಆ ಚಿತ್ರವನ್ನು ತೆಗೆದು ಪಾಸ್‌ವರ್ಡ್ ಅನ್ನು ಈಗಲೇ ಬದಲಿಸಿ. ಲಾಗ್‌ನ ಸಾಲುಗಳು ಬಂದರೆ ಮುಂದೇನು ಮಾಡಬೇಕೆಂದು ರಾತ್ರಿಯೊಳಗೆ ಬರೆಯುತ್ತೇನೆ.