ಕಪ್ಪು ಕಂಡಿಯೊಳಗಿನ ಹಳದಿ ಚುಕ್ಕೆ

ಕಾಸರಗೋಡಿನ ಪೆರ್ಲ ಸಮೀಪದ ಓದುಗರೊಬ್ಬರ ಪತ್ರ:

“ನಮ್ಮೂರ ಶಾಲೆಯ ಹಾಲ್‌ನಲ್ಲಿ ಚಿತ್ರಪ್ರದರ್ಶನ ನಡೆಯುತ್ತಿದೆ. ಈ ಕಡೆಯವಳೇ ಆದ ಹುಡುಗಿಯೊಬ್ಬಳು ಬಿಡಿಸಿದ ಚಿತ್ರಗಳು. ಅದರಲ್ಲಿ ಒಂದು ದೊಡ್ಡದು. ಕೆಂಪು ಗೋಡೆ, ನಡುವೆ ಕಪ್ಪು ಕಂಡಿ, ಕಂಡಿಯೊಳಗೆ ಒಂದು ಹಳದಿ ಚುಕ್ಕೆ. ಮೇಲೆ ಬಿಳಿ ಏರೋಪ್ಲೇನ್ ಚಿಟ್ಟೆಯಂಥದ್ದು ಏನೋ. ಉದ್ಘಾಟನೆಗೆ ಬಂದ ವಿದ್ವಾಂಸರು ಅರ್ಧ ಗಂಟೆ ಈ ಚಿತ್ರದ ಬಗ್ಗೆಯೇ ಮಾತಾಡಿದರು. ಕೆಂಪು ಎಂದರೆ ಹಿಂಸೆ, ಕಪ್ಪು ಎಂದರೆ ಶೂನ್ಯ, ಹಳದಿ ಚುಕ್ಕೆ ಆತ್ಮ, ಮನುಷ್ಯನೇ ಇಲ್ಲದ ಈ ಚಿತ್ರ ನಮ್ಮ ಕಾಲದ ಒಂಟಿತನದ ಸಂಕೇತ ಎಂದರು. ನನಗೆ ಇದೊಂದೂ ಕಾಣಲಿಲ್ಲ. ಯಕ್ಷಗಾನದ ಆಟ, ಭೂತಕೋಲ ನೋಡಿ ಬೆಳೆದವ ನಾನು. ಕಲಾವಿದೆಯನ್ನೇ ಕೇಳಿದೆ, ಸುಮ್ನೆ ನಕ್ಕಳು. ಅರ್ಥವನ್ನು ಅಡಗಿಸಿ ಇಡುವುದು ಯಾಕೆ? ಕೆಳಗೆ ಎರಡು ಸಾಲು ಬರೆದು ಹಾಕಬಾರದೇ? ನಮ್ಮಂಥವರು ಇಂಥ ಕಡೆ ಹೋಗುವುದೇ ತಪ್ಪೋ ಏನೋ. ಫೋಟೊ ಕಳಿಸಿದ್ದೇನೆ. ನೀವಾದರೂ ಅರ್ಥ ಹೇಳಿ.”

ಸಂಪಾದಕರ ಉತ್ತರ:

ಮೊದಲು ಜಗಳ. ‘ನಮ್ಮಂಥವರು’ ಎಂದರೆ ಯಾರು? ನೀವು ಯಕ್ಷಗಾನ ಕವಿ, ಕುಂಬಳೆಯ ಪಾರ್ತಿಸುಬ್ಬನ ಸೀಮೆಯವರು. ನಡುರಾತ್ರಿ ಕಳೆದು, ತೆರೆಯ ಹಿಂದಿನಿಂದ ಬಣ್ಣದ ವೇಷ ಅಬ್ಬರಿಸಿಕೊಂಡು ಬಂದಾಗ ಅವನು ರಾಕ್ಷಸ ಅಂತ ನಿಮಗೆ ಯಾರಾದರೂ ಚೀಟಿ ಬರೆದು ಕೊಟ್ಟಿದ್ದರೇ? ಮುಖದ ಮೇಲೆ ಅಕ್ಕಿಹಿಟ್ಟಿನಿಂದ ಮುಳ್ಳುಮುಳ್ಳಾಗಿ ಇಟ್ಟ ಬಿಳಿ ಚುಟ್ಟಿ ನೋಡಿದರೆ ಸಾಕು, ಗೊತ್ತಾಗುತ್ತದೆ. ಆ ಚುಟ್ಟಿ ಇಡಲು ಕಲಾವಿದ ವೇಷ ಕಟ್ಟುವ ಚೌಕಿಯಲ್ಲಿ ಗಂಟೆಗಟ್ಟಲೆ ಕೂತಿರುತ್ತಾನೆ. ನಾಗಮಂಡಲದ ಐದು ಬಣ್ಣಗಳೂ ನಿಮಗೆ ಹೊಸತಲ್ಲ. ಅರಸಿನಕ್ಕೆ ಸುಣ್ಣ ಸೇರಿದರೆ ಕೆಂಪಾಗುತ್ತದೆ ಎಂದು ನಮ್ಮ ಮನೆಯ ಮಕ್ಕಳಿಗೂ ಗೊತ್ತು. ಅಜ್ಜನ ಪಕ್ಕದಲ್ಲಿ ಚಾಪೆಯ ಮೇಲೆ ಅರೆನಿದ್ದೆಯಲ್ಲಿ ಕೂತು, ನೋಡಿ ನೋಡಿ ಕಲಿತ ವಿದ್ಯೆ ಇದು. ಇಷ್ಟು ಕಣ್ಣಿದ್ದವರು ಒಂದು ಕ್ಯಾನ್ವಾಸಿನ ಮುಂದೆ ಬಂದ ಕೂಡಲೇ ‘ನಮಗೆ ಇದೆಲ್ಲ ಗೊತ್ತಾಗುವುದಿಲ್ಲ’ ಎಂದು ಕೈಕಟ್ಟಿ ನಿಂತರೆ ನನಗೆ ನಿಜವಾಗಿ ಬೇಸರವಾಗುತ್ತದೆ.

ಆ ವಿದ್ವಾಂಸರು ಹೇಳಿದ್ದೆಲ್ಲ ಸುಳ್ಳು ಎನ್ನಲಾರೆ. ಓದಿದವರು. ಸಂಕೇತಗಳಿಗೂ ಒಂದು ಶಾಸ್ತ್ರ ಇದೆ. 17ನೇ ಶತಮಾನದ ಡಚ್ ಚಿತ್ರಗಳಲ್ಲಿ ಮೇಜಿನ ಮೇಲೆ ತಲೆಬುರುಡೆ, ಮರಳು ಗಡಿಯಾರ, ಆಗಷ್ಟೇ ಆರಿದ ಮೇಣದಬತ್ತಿ ಇದ್ದರೆ ಅದು ಸಾವನ್ನು ನೆನಪಿಸಲಿಕ್ಕೇ ಇಟ್ಟದ್ದು. ಅಲ್ಲಿ ಬರೆದವನಿಗೂ ನೋಡುವವನಿಗೂ ನಡುವೆ ಒಂದು ಒಪ್ಪಂದ ಇತ್ತು, ನಮಗೂ ಚುಟ್ಟಿಗೂ ಇರುವಂತೆ. ಈಗಿನ ಕಲಾವಿದರಿಗೆ ಅಂಥ ಒಪ್ಪಂದ ಸಿಗುವುದು ಕಡಿಮೆ. ಹಾಗಾಗಿ ಕೆಂಪು ಎಂದರೆ ಇದು, ಕಪ್ಪು ಎಂದರೆ ಅದು ಎಂದು ಪಟ್ಟಿ ಇಟ್ಟುಕೊಂಡು ಹೋದರೆ ಜಾಸ್ತಿ ದೂರ ಹೋಗಲಾಗುವುದಿಲ್ಲ.

ನಿಮ್ಮ ಪತ್ರ ಬಂದ ಮರುದಿನ ನಾನೂ ಹೋದೆ. ಒಬ್ಬನೇ ಹೋಗಲಿಲ್ಲ. ನೆರೆಮನೆಯ ಹಿರಿಯರೊಬ್ಬರನ್ನು ಕರೆದುಕೊಂಡು ಹೋದೆ. ಈಗ ಎಂಬತ್ತರ ಹತ್ತಿರ. ಪ್ರಾಯದಲ್ಲಿ ಸುರಂಗ ತೋಡುತ್ತಿದ್ದವರು. ಚಿತ್ರಪ್ರದರ್ಶನ ಎಂಬುದನ್ನು ಅವರು ನೋಡಿದ್ದು ಅದೇ ಮೊದಲು. ಆ ದೊಡ್ಡ ಚಿತ್ರದ ಮುಂದೆ ನಿಂತರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ತುಳುವಿನಲ್ಲಿ ಹೇಳಿದರು: “ಬತ್ತಿ ಉರಿಯುತ್ತಾ ಇದೆ. ಒಳಗೆ ಜನ ಇದೆ.”

ನನ್ನ ಮೈ ಜುಂ ಎಂದಿತು.

ಬಯಲುಸೀಮೆಯ ಓದುಗರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಕಾಸರಗೋಡಿನ ಗುಡ್ಡಗಳಲ್ಲಿ ನೀರಿಗಾಗಿ ಅಡ್ಡಡ್ಡ ಕೊರೆಯುತ್ತಾರೆ. ಅದಕ್ಕೆ ಸುರಂಗ ಎನ್ನುತ್ತೇವೆ. ಪೆರ್ಲ, ಬಾಯಾರು ಕಡೆ ಎಷ್ಟೋ ಮನೆಗಳ ಹಿಂದೆ ಗುಡ್ಡದ ಮೈಯಲ್ಲಿ ಇಂಥ ಕಂಡಿ ಇದೆ. ಒಬ್ಬ ಮನುಷ್ಯ ಹೋಗುವಷ್ಟೇ ಅಗಲ. ಮುರಕಲ್ಲನ್ನು, ಅಂದರೆ ಕೆಂಪು ಜಂಬಿಟ್ಟಿಗೆಯನ್ನು, ಪಿಕ್ಕಾಸಿನಿಂದ ಕಡಿಯುತ್ತ, ಮಣ್ಣನ್ನು ಹೊರಗೆ ಸಾಗಿಸುತ್ತ ಒಳಗೆ ಹೋಗುವುದು. ಒರತೆ ಸಿಕ್ಕಿತೆಂದರೆ ಪಂಪು ಬೇಡ, ಕರೆಂಟು ಬೇಡ. ನೀರು ತಾನಾಗಿ ಹರಿದು ಹೊರಗೆ ಬರುತ್ತದೆ. ಅಡಿಕೆ ಮರವನ್ನು ಸೀಳಿ ಮಾಡಿದ ದಂಬೆ ಇಟ್ಟು ಅದನ್ನು ಕೆರೆಗೆ ಬಿಟ್ಟುಕೊಳ್ಳುತ್ತಾರೆ. ತೋಡುವವನು ಒಳಗೆ ಮೇಣದಬತ್ತಿ ಹಚ್ಚಿಟ್ಟುಕೊಳ್ಳುತ್ತಾನೆ. ಬೆಳಕಿಗೂ ಆಯಿತು, ಜೀವಕ್ಕೂ ಆಯಿತು. ಬತ್ತಿ ಮಂಕಾದರೆ ಒಳಗೆ ಗಾಳಿ ಸಾಲದು ಎಂದು ಲೆಕ್ಕ. ಆರಿದರೆ ಕೂಡಲೇ ಹೊರಗೆ ಬರಬೇಕು.

ಈಗ ಆ ಚಿತ್ರವನ್ನು ಇನ್ನೊಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಕೆಂಪು ಗೋಡೆ ಮುರಕಲ್ಲಿನ ಗುಡ್ಡ. ಕಲಾವಿದೆ ಆ ಕಲ್ಲಿನ ಸಣ್ಣ ಸಣ್ಣ ತೂತುಗಳನ್ನೂ ಬಿಟ್ಟಿಲ್ಲ, ಹತ್ತಿರ ಹೋಗಿ ನೋಡಿ. ಕಪ್ಪು ಕಂಡಿ ಸುರಂಗ. ಹಳದಿ ಚುಕ್ಕೆ ಮೇಣದಬತ್ತಿ. ವಿದ್ವಾಂಸರು ಮನುಷ್ಯನೇ ಇಲ್ಲ ಎಂದ ಚಿತ್ರದಲ್ಲಿ ಒಬ್ಬ ಮನುಷ್ಯ ಇದ್ದಾನೆ. ಬಾಗಿ ಕೂತು ಕೆಲಸ ಮಾಡುತ್ತಿದ್ದಾನೆ. ನಮಗೆ ಕಾಣುವುದಿಲ್ಲ, ಅಷ್ಟೇ. ಅವನು ಬದುಕಿದ್ದಾನೆ ಎನ್ನುವುದಕ್ಕೆ ಆ ಚುಕ್ಕೆಯೊಂದೇ ಸಾಕ್ಷಿ. ಇದನ್ನು ಅರ್ಧ ಗಂಟೆಯ ಭಾಷಣ ಹೇಳಲಿಲ್ಲ. ಸುರಂಗದೊಳಗೆ ಉಸಿರು ಕಟ್ಟಿ ಗೊತ್ತಿದ್ದವರು ಎರಡು ಮಾತಿನಲ್ಲಿ ಹೇಳಿದರು. ಅವರು ಅರ್ಥ ಹುಡುಕಲೂ ಇಲ್ಲ. ಅಲ್ಲಿ ಏನಿದೆಯೋ ಅದನ್ನು ನೋಡಿದರು.

ನಾನು ವರ್ಷಗಳಿಂದ ಹೇಳುತ್ತ ಬಂದಿರುವುದು ಇದನ್ನೇ. ‘ಇದು ಯಾವುದರ ಸಂಕೇತ’ ಎಂದು ಕೇಳುವ ಮೊದಲು ‘ಇದು ಏನು’ ಎಂದು ಕೇಳಬೇಕು. ಆ ಮೊದಲ ಪ್ರಶ್ನೆಯನ್ನು ದೊಡ್ಡ ದೊಡ್ಡವರೂ ಹಾರಿಸಿಬಿಡುತ್ತಾರೆ. ವಾನ್ ಗೋ 1886ರಲ್ಲಿ ಪ್ಯಾರಿಸ್ಸಿನಲ್ಲಿ ಒಂದು ಜೊತೆ ಹಳೆಯ ಬೂಟುಗಳ ಚಿತ್ರ ಬರೆದ. 1930ರ ದಶಕದಲ್ಲಿ ಜರ್ಮನಿಯ ತತ್ವಜ್ಞಾನಿ ಹೈಡೆಗರ್ ಅದರ ಬಗ್ಗೆ ಬರೆದ. ಇವು ರೈತ ಹೆಂಗಸಿನ ಬೂಟುಗಳು, ಇವುಗಳೊಳಗೆ ಹೊಲದ ಒದ್ದೆ ಮಣ್ಣು, ಅವಳ ನಡಿಗೆಯ ದಣಿವು ಎಲ್ಲ ಇದೆ ಎಂದ. ಓದಲು ತುಂಬ ಚೆನ್ನಾಗಿದೆ. ಮೂವತ್ತು ವರ್ಷಗಳ ಬಳಿಕ, 1968ರಲ್ಲಿ, ಕಲಾ ಇತಿಹಾಸಕಾರ ಮೇಯರ್ ಶಪಿರೊ ಎದ್ದು ನಿಂತು ಹೇಳಿದ: ಯಾವ ರೈತ ಹೆಂಗಸು? ಅವು ವಾನ್ ಗೋನದೇ ಬೂಟುಗಳು, ಆಗ ಅವನು ಪಟ್ಟಣದಲ್ಲಿದ್ದ. ಅಷ್ಟು ದೊಡ್ಡ ತತ್ವಜ್ಞಾನಿ ಬೂಟು ಯಾರದೆಂದು ಕೇಳದೆಯೇ ಅದರೊಳಗೆ ಇಡೀ ಒಂದು ಬದುಕನ್ನು ತುಂಬಿಸಿದ್ದ. ಶಪಿರೊ ಮಾತೇ ಕೊನೆಯದು ಎಂದು ಎಲ್ಲರೂ ಒಪ್ಪಿಲ್ಲ. ಆದರೆ ಅವನು ಕೇಳಿದ ಪ್ರಶ್ನೆ ನಮ್ಮ ಹಿರಿಯರ ಪ್ರಶ್ನೆಯ ಜಾತಿಯದು.

ಕಲಾವಿದನನ್ನೇ ಕೇಳಿಬಿಟ್ಟರೆ ಮುಗಿಯಿತಲ್ಲ ಎನ್ನುತ್ತೀರಿ. ಪಿಕಾಸೊನನ್ನು ಕೇಳಿದರು. 1937ರ ಏಪ್ರಿಲ್ 26ರಂದು ಸ್ಪೇನಿನ ಗೆರ್ನಿಕಾ ಪಟ್ಟಣದ ಮೇಲೆ ಬಾಂಬು ಬಿತ್ತು. ಕೆಲವೇ ವಾರಗಳಲ್ಲಿ ಅವನು ಏಳು ಮೀಟರಿಗೂ ಉದ್ದದ ಚಿತ್ರ ಬರೆದು ಮುಗಿಸಿದ. ಅದರಲ್ಲಿ ಒಂದು ಗೂಳಿ, ಒಂದು ಗಾಯಗೊಂಡ ಕುದುರೆ. ಗೂಳಿ ಎಂದರೆ ಏನು ಎಂದು ಊರೆಲ್ಲ ಕೇಳಿತು. ಒಂದು ಸಲ, ಗೂಳಿ ಕ್ರೌರ್ಯ ಮತ್ತು ಕತ್ತಲು, ಕುದುರೆ ಜನ ಎಂದ. ಇನ್ನೊಂದು ಸಲ, ಗೂಳಿ ಗೂಳಿಯೇ, ಕುದುರೆ ಕುದುರೆಯೇ ಎಂದ. ಎರಡನ್ನೂ ಹೇಳಿದವನು ಒಬ್ಬನೇ! ಹಾಗಿರುವಾಗ ನಮ್ಮ ಹುಡುಗಿ ನಕ್ಕದ್ದರಲ್ಲಿ ತಪ್ಪೇನು? ಆ ಚಿತ್ರದಲ್ಲೂ ಒಬ್ಬ ಹೆಂಗಸು ಕೈಯಲ್ಲಿ ದೀಪ ಹಿಡಿದು ಕಿಟಕಿಯಿಂದ ಹೊರಗೆ ಚಾಚಿಕೊಂಡಿದ್ದಾಳೆ. ಮೇಲೆ ಕರೆಂಟಿನ ಬಲ್ಬು ಉರಿಯುತ್ತಿದ್ದರೂ ಅವಳು ದೀಪ ತಂದಿದ್ದಾಳೆ. ಅದಕ್ಕೆ ಅರ್ಥ ಕಟ್ಟುವ ಮೊದಲು ಆ ಕೈಯ ಉದ್ದವನ್ನು ಒಮ್ಮೆ ನೋಡಿ.

ಮುಂಬಯಿಯ ತೈಯಬ್ ಮೆಹ್ತಾ ಕಾಲು ಕಟ್ಟಿ ಕೆಡವಿದ ಗೂಳಿಯನ್ನು ಮತ್ತೆ ಮತ್ತೆ ಬರೆದವರು. ದೇಶ ವಿಭಜನೆಯ ಹೊತ್ತಿನಲ್ಲಿ ಮನುಷ್ಯನೊಬ್ಬನನ್ನು ಜನ ಹೊಡೆದು ಕೊಂದದ್ದನ್ನು ಕಿಟಕಿಯಿಂದ ಕಂಡವರು. ಅವರು ಗೂಳಿಯನ್ನು ಪುಸ್ತಕದಿಂದ ತರಲಿಲ್ಲ. ಬಾಂದ್ರಾದ ಕಸಾಯಿಖಾನೆಗೆ ಹೋಗಿ ನಿಂತು ನೋಡಿದರು, ಅಲ್ಲಿ ಕ್ಯಾಮೆರಾ ಇಟ್ಟು ಚಿತ್ರೀಕರಣವನ್ನೂ ಮಾಡಿದರು. ಆ ಗೂಳಿ ನಮ್ಮನ್ನು ನಡುಗಿಸುವುದು ಮೊದಲು ಗೂಳಿಯಾಗಿಯೇ.

ಇನ್ನು ನಿಮ್ಮ ಬಿಳಿ ಏರೋಪ್ಲೇನ್ ಚಿಟ್ಟೆ. ನನಗೆ ಅದು ಹೆಲಿಕಾಪ್ಟರ್. ಎಣ್ಮಕಜೆಯ ಪಕ್ಕದಲ್ಲಿದ್ದು ನಿಮಗೆ ಹಾಗೆ ಅನಿಸಲಿಲ್ಲ ಎಂದರೆ ನೀವು ಚಿಕ್ಕ ಪ್ರಾಯದವರು ಇರಬೇಕು. 1970ರ ದಶಕದ ಕೊನೆಯಿಂದ 2000ದವರೆಗೆ ನಮ್ಮ ಗುಡ್ಡಗಳ ಸರಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಮೊದಮೊದಲು ಮಕ್ಕಳು ಶಾಲೆಯಿಂದ ಹೊರಗೆ ಓಡಿ ಬಂದು ಕೈಬೀಸುತ್ತಿದ್ದರು. ಹೆಲಿಕಾಪ್ಟರ್ ನೋಡುವುದೇ ಒಂದು ಹಬ್ಬ. ಬಾವಿಗಳನ್ನು ಮುಚ್ಚಿ ಇಟ್ಟುಕೊಳ್ಳಿ ಎಂದರು. ಬಾವಿಯನ್ನು ಮುಚ್ಚಬಹುದು. ಗುಡ್ಡದ ಹೊಟ್ಟೆಯಿಂದ ಹರಿದು ಬರುವ ನೀರಿಗೆ ಯಾವ ಮುಚ್ಚಳ ಹಾಕುವುದು? ಜೇನು ಹೋಯಿತು, ಕಪ್ಪೆ ಹೋಯಿತು, ಆಮೇಲೆ ಮನೆಮನೆಯಲ್ಲಿ ಕಾಯಿಲೆ, ಅಂಗವೈಕಲ್ಯದ ಮಕ್ಕಳು. ಸುಪ್ರೀಂ ಕೋರ್ಟು ದೇಶಕ್ಕೆಲ್ಲ ನಿಷೇಧ ಹಾಕಿದ್ದು 2011ರಲ್ಲಿ. ಕಲಾವಿದೆ ಆ ಬಿಳಿ ರೂಪವನ್ನು ಅರ್ಧ ಚಿಟ್ಟೆ ಅರ್ಧ ಯಂತ್ರ ಮಾಡಿ ಬಿಟ್ಟಿದ್ದಾಳೆ. ಕೈಬೀಸಿದ ಮಗುವಿಗೆ ಕಂಡದ್ದೂ ಹಾಗೆಯೇ ಅಲ್ವಾ? ನಿಮಗೆ ಚಿಟ್ಟೆ ಕಂಡರೆ ಚಿಟ್ಟೆಯೇ ಇರಲಿ. ನಾನು ನಿಮ್ಮಿಂದ ಕಿತ್ತುಕೊಳ್ಳುವುದಿಲ್ಲ. ಆ ಚಿಟ್ಟೆ ಯಾಕೆ ಒಂದೇ ಒಂದು ಇದೆ ಎಂದು ಮಾತ್ರ ಕೇಳಿಕೊಳ್ಳಿ.

ಇಲ್ಲಿಗೆ ಬಂದಾಗ ನನಗೆ ಒಂದು ಸಿಟ್ಟು ಏಳುತ್ತದೆ. ಹೇಳಿಬಿಡುತ್ತೇನೆ. ಚಿತ್ರವನ್ನು ನೋಡದೆ ಅರ್ಥ ಹೇಳುವ ಈ ಅಭ್ಯಾಸ ಚಿತ್ರಕ್ಕೇ ನಿಲ್ಲುವುದಿಲ್ಲ. ನಮ್ಮ ಊರನ್ನೂ ಹೀಗೇ ಓದಿದರು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. 1967ರಲ್ಲಿ ರಾಜ್ಯಗಳ ಗಡಿ ತಕರಾರು ನೋಡಿದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕು ಎಂದಿತು. ಅದು ಕಾಗದದಲ್ಲೇ ಉಳಿಯಿತು. ಅಂದಿನಿಂದ ಪ್ರತಿ ನವೆಂಬರಿನಲ್ಲಿ ನಾವು ಯಾರ ಯಾರದೋ ಭಾಷಣದಲ್ಲಿ ‘ಗಡಿನಾಡಿನ ನೋವಿನ ಸಂಕೇತ’ ಆಗುತ್ತೇವೆ. ಶಾಲು ಹೊದೆಸುತ್ತಾರೆ, ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ, ಊಟ ಮಾಡಿ ಹೋಗುತ್ತಾರೆ. ಇಲ್ಲಿಯ ಕನ್ನಡ ಶಾಲೆಯ ಮಗು ಯಾವ ಪುಸ್ತಕ ಓದುತ್ತದೆ, ಅದಕ್ಕೆ ಚಿತ್ರ ಕಲಿಸುವ ಮೇಷ್ಟ್ರು ಇದ್ದಾರೋ ಇಲ್ಲವೋ ಎಂದು ಕೇಳಿದವರನ್ನು ನಾನು ಬೆರಳಲ್ಲಿ ಎಣಿಸಬಲ್ಲೆ. ಎಂಡೋಸಲ್ಫಾನ್ ಮಕ್ಕಳ ಫೋಟೊ ತೆಗೆಯಲು ಎಲ್ಲೆಲ್ಲಿಂದಲೋ ಬಂದರು. ಆ ಮಕ್ಕಳೂ ಸಂಕೇತಗಳಾದರು. ಒಬ್ಬ ತಾಯಿ ಒಮ್ಮೆ ನನ್ನ ಹತ್ತಿರ ಹೇಳಿದ್ದರು, ಬಂದವರಲ್ಲಿ ಮಗುವಿನ ಹೆಸರು ಕೇಳಿದವರು ಕಡಿಮೆ ಎಂದು. ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ‘ಒಂಟಿತನದ ಸಂಕೇತ’ ಎಂದು ಯಾರಾದರೂ ವೇದಿಕೆಯಲ್ಲಿ ಹೇಳಿದರೆ ನಾನು ಕೆರಳುವುದು ಇದಕ್ಕೇ.

ಕೆಳಗೆ ಎರಡು ಸಾಲು ಬರೆಯಬಾರದೇ ಎಂದು ಕೇಳಿದಿರಿ. ‘ಸುರಂಗ, ಮೇಣದಬತ್ತಿ, ಹೆಲಿಕಾಪ್ಟರ್’ ಎಂದು ಬರೆದಿದ್ದರೆ ನೀವು ಓದುತ್ತಿದ್ದಿರಿ, ತಲೆ ಆಡಿಸುತ್ತಿದ್ದಿರಿ, ಮುಂದಿನ ಚಿತ್ರಕ್ಕೆ ಹೋಗುತ್ತಿದ್ದಿರಿ. ನನಗೆ ಪತ್ರ ಬರುತ್ತಿರಲಿಲ್ಲ. ಮದರಾಸಿನ ಹತ್ತಿರ ಚೋಳಮಂಡಲ ಕಲಾಗ್ರಾಮ ಕಟ್ಟಿದ ಕೆ.ಸಿ.ಎಸ್. ಪಣಿಕ್ಕರ್ 1960ರ ದಶಕದಲ್ಲಿ ‘ಪದಗಳು ಮತ್ತು ಸಂಕೇತಗಳು’ ಎಂಬ ಚಿತ್ರಸರಣಿ ಶುರು ಮಾಡಿದರು. ಕ್ಯಾನ್ವಾಸ್ ತುಂಬ ಅಕ್ಷರಗಳಂಥ ಗೆರೆಗಳು, ಜಾತಕದ ಮನೆಗಳು. ಓದಲು ಹೋದರೆ ಒಂದು ಪದವೂ ಕೂಡುವುದಿಲ್ಲ. ಪುಸ್ತಕದಲ್ಲಿ ಆ ಚಿತ್ರ ಮೊದಲು ನೋಡಿದಾಗ ನನಗೆ ಗಲಿಬಿಲಿ ಆಗಲಿಲ್ಲ, ಗುರುತು ಸಿಕ್ಕಿತು. ಮಲಯಾಳ ಅಕ್ಷರ ಬಾರದ ಚಿಕ್ಕ ಪ್ರಾಯದಲ್ಲಿ ನಾನು ಬಸ್ಸಿನ ಬೋರ್ಡು ನೋಡುತ್ತಿದ್ದದ್ದು ಹೀಗೇ. ಒಂದು ಅಕ್ಷರ ಆನೆಯ ಸೊಂಡಿಲು, ಇನ್ನೊಂದು ಸುತ್ತಿಕೊಂಡ ಚೇರಟೆ ಹುಳ. ಕಾಸರಗೋಡಿನ ಕನ್ನಡ ಮಕ್ಕಳಿಗೆ ಇದು ಗೊತ್ತು. ಓದಲು ಬಾರದ ಅಕ್ಷರವನ್ನು ನಾವು ಎಷ್ಟು ಗಮನವಿಟ್ಟು ನೋಡುತ್ತೇವೆ! ಓದಲು ಬಂದ ದಿನ ಆ ಆನೆ ಮಾಯವಾಯಿತು. ನನಗೆ ಅದರ ಬಗ್ಗೆ ಈಗಲೂ ಸಂಕಟ ಇದೆ.

ಪ್ರದರ್ಶನ ಈ ತಿಂಗಳ ಕೊನೆಯವರೆಗೆ ಇದೆ. ಇನ್ನೊಮ್ಮೆ ಹೋಗಿ. ಜನ ಇಲ್ಲದ ಹೊತ್ತು ನೋಡಿಕೊಂಡು, ಬೆಳಿಗ್ಗೆ ಹೋಗಿ. ಮನೆಯಲ್ಲಿ ಹಿರಿಯರಿದ್ದರೆ ಕರೆದುಕೊಂಡು ಹೋಗಿ, ಅವರ ಹತ್ತಿರ ಏನೂ ಹೇಳಬೇಡಿ. ಮತ್ತೆ ಒಂದು ಕೆಲಸ. ನೀವು ಕಳಿಸಿದ ಫೋಟೊದಲ್ಲಿ ಬಲಗಡೆಯ ಕೆಳಮೂಲೆ ಕಡಿದು ಹೋಗಿದೆ. ಅಲ್ಲಿ, ಸುರಂಗದ ಬಾಯಿಂದ ಸ್ವಲ್ಪ ಈಚೆ, ಒಂದು ನೀಲಿ ಪ್ಲಾಸ್ಟಿಕ್ ಕೊಡಪಾನ ಇದೆ. ಅದು ತುಂಬಿದೆ ಎಂದು ನಾನು, ಖಾಲಿ ಎಂದು ನನ್ನ ಜೊತೆ ಬಂದವರು. ಮನೆಗೆ ಬರುವವರೆಗೂ ಬಸ್ಸಿನಲ್ಲಿ ಇದೇ ಮಾತು. ನೀವು ನೋಡಿ ಬರೆಯಿರಿ.