ಮ್ಯೂಟ್ ಆದ ಗ್ರೂಪಿನ ಕಥೆಯನ್ನೇ ಬರೆಯಿರಿ

ನಮಸ್ಕಾರ.

ಮಲ್ಪೆಯ ಕೋಲ್ಡ್ ಸ್ಟೋರೇಜಿನ ಉಷ್ಣಾಂಶವನ್ನು ವೆಬ್‌ಹುಕ್ (ಒಂದು ಪ್ರೋಗ್ರಾಂ ಇನ್ನೊಂದಕ್ಕೆ ತಾನಾಗಿ ಸುದ್ದಿ ಕಳಿಸಲು ಇರುವ ವೆಬ್ ವಿಳಾಸ) ಮೂಲಕ ಸ್ಲ್ಯಾಕ್ ಅನ್ನುವ ಚಾಟ್ ಆ್ಯಪಿನ ಗ್ರೂಪಿಗೆ ಕಳಿಸುವುದು ಹೇಗೆ ಅಂತ ನೀವು ಬರೆದ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ಅದರೊಳಗೆ ಒಂದು ಒಳ್ಳೆಯ ಲೇಖನ ಇದೆ. ಅದನ್ನು ಕೈಬಿಡಬೇಡಿ ಅಂತ ಹೇಳುವುದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ತುರ್ತಿನ ವಿಷಯ. ನೀವು ಕೊಟ್ಟ ಕೋಡ್‌ನಲ್ಲಿ ಕಂಪನಿಯ ನಿಜವಾದ ವೆಬ್‌ಹುಕ್ ಯುಆರ್‌ಎಲ್ ಹಾಗೇ ಇದೆ. ಇವತ್ತೇ ಅದನ್ನು ರದ್ದು ಮಾಡಿ, ಹೊಸದು ಮಾಡಿಕೊಳ್ಳಿ. ಎಚ್‌ಟಿಟಿಪಿಎಸ್ ಇರುವುದರಿಂದ ಪೂರ್ತಿ ಸುರಕ್ಷಿತ ಅಂತ ಬರೆದಿದ್ದೀರಿ. ಅದು ದಾರಿಯಲ್ಲಿ ಯಾರೂ ಕದ್ದು ಓದದ ಹಾಗೆ ನೋಡಿಕೊಳ್ಳುತ್ತದೆ, ಅಷ್ಟೇ. ಯುಆರ್‌ಎಲ್ ಕೈಗೆ ಸಿಕ್ಕವರು ಪಾಸ್‌ವರ್ಡ್ ಇಲ್ಲದೆಯೇ ನಿಮ್ಮ ಗ್ರೂಪಿಗೆ ಏನು ಬೇಕಾದರೂ ಬರೆಯಬಹುದು. ಚೇಂಬರ್ ಬಿಸಿಯಾಗುತ್ತಿರುವಾಗ ‘ಎಲ್ಲ ಸರಿ ಇದೆ’ ಅಂತಲೂ ಬರೆಯಬಹುದು! ಇಂಟರ್ನೆಟ್‌ನಲ್ಲಿ ಸೋರಿಹೋದ ಯುಆರ್‌ಎಲ್‌ಗಳನ್ನು ಸ್ಲ್ಯಾಕ್ ತಾನೇ ಹುಡುಕಿ ರದ್ದು ಮಾಡುತ್ತದೆ, ನಿಜ. ಆಗ ನಿಮ್ಮ ಮೆಸೇಜೂ ನಿಲ್ಲುತ್ತದೆ. ಲೇಖನದಲ್ಲಿ ಯುಆರ್‌ಎಲ್ ಜಾಗದಲ್ಲಿ ಖಾಲಿ ಬಿಡಿ. ಅದನ್ನು ಕೋಡ್‌ನಿಂದ ಹೊರಗೆ, ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ (ಪ್ರೋಗ್ರಾಂ ಓಡುವಾಗ ಕಂಪ್ಯೂಟರಿನಿಂದ ಓದಿಕೊಳ್ಳುವ ಸೆಟ್ಟಿಂಗ್) ಇಡಬೇಕು ಅಂತ ಓದುಗರಿಗೂ ಹೇಳಿ.

ಈಗ ಲೇಖನಕ್ಕೆ ಬರೋಣ. ‘ಇಂದಿನ ಡಿಜಿಟಲ್ ಯುಗದಲ್ಲಿ’ ಅಂತ ಶುರುವಾಗುವ ಮೊದಲ ಮೂರು ಪ್ಯಾರಾ ತೆಗೆದುಬಿಡಿ. ಅದನ್ನು ಯಾರು ಬೇಕಾದರೂ ಬರೆಯಬಹುದು. ಕೊನೆಯ ಹತ್ತಿರ ನೀವು ಒಂದು ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ: ‘ಕೆಲವು ದಿನಗಳ ನಂತರ ಹೆಚ್ಚಿನವರು ಗ್ರೂಪನ್ನು ಮ್ಯೂಟ್ ಮಾಡಿದರು.’ ನನಗೆ ಬೇಕಾಗಿರುವುದು ಇದು. ನೀವು ಮಾತ್ರ ಬರೆಯಬಹುದಾದ ಸಾಲು ಇದು. ಮೆಸೇಜ್ ಕಳಿಸುವುದು ಹೇಗೆ ಅಂತ ಸ್ಲ್ಯಾಕ್‌ನವರೇ ಚೆನ್ನಾಗಿ ಬರೆದಿಟ್ಟಿದ್ದಾರೆ. ಕಳಿಸಿದ ಮೆಸೇಜನ್ನು ಜನ ಯಾಕೆ ಓದುವುದನ್ನು ಬಿಟ್ಟರು, ಮತ್ತೆ ಓದುವ ಹಾಗೆ ಮಾಡಲು ಏನು ಬದಲಾಯಿಸಬೇಕಾಯಿತು ಅನ್ನುವುದು ಎಲ್ಲೂ ಸಿಗುವುದಿಲ್ಲ.

ಅವರು ಮ್ಯೂಟ್ ಮಾಡಿದ್ದು ಯಾಕೆ ಅಂತ ನಿಮ್ಮ ಕೋಡ್ ನೋಡಿದರೇ ಗೊತ್ತಾಗುತ್ತದೆ. ಪ್ರತಿ ಐದು ನಿಮಿಷಕ್ಕೊಮ್ಮೆ, ಎಲ್ಲ ಸರಿ ಇದ್ದರೂ ಮೆಸೇಜ್ ಹೋಗುತ್ತದೆ. ದಿನಕ್ಕೆ 288. ಅದರ ಮೇಲೆ, ಉಷ್ಣಾಂಶ −15 ಡಿಗ್ರಿ ದಾಟಿದ ಕೂಡಲೇ ಒಂದು ಅಲರ್ಟ್. ಮೀನು ಇಡುವ ಚೇಂಬರ್ −18ರಲ್ಲಿ ಇರಬೇಕು, ಸರಿ. ಆದರೆ ಲೋಡಿಂಗ್ ಹೊತ್ತಿಗೆ ಬಾಗಿಲು ತೆರೆದರೆ ಅದು −15ರ ಆಚೆ ಈಚೆ ಓಲಾಡುತ್ತಲೇ ಇರುತ್ತದೆ. −15.1, −14.9, ಮತ್ತೆ −15.1. ದಾಟಿದಷ್ಟು ಸಲವೂ ಒಂದು ಅಲರ್ಟ್. ಬಂಗುಡೆ ಬಾಕ್ಸ್ ಇಳಿಸುತ್ತಿರುವವನ ಜೇಬಿನಲ್ಲಿ ಫೋನ್ ಒಂದೇ ಸಮನೆ ಕೂಗಿದರೆ ಅವನು ಇನ್ನೇನು ಮಾಡುತ್ತಾನೆ ಹೇಳಿ?

ಇದಕ್ಕೆ ಪರಿಹಾರವನ್ನೂ ಬರೆಯಬೇಕು. −15 ದಾಟಿ 15 ನಿಮಿಷ ಅಲ್ಲೇ ನಿಂತರೆ ಮಾತ್ರ ಅಲರ್ಟ್ ಹೋಗಲಿ. ‘ಸರಿಯಾಯಿತು’ ಅನ್ನುವ ಮೆಸೇಜ್ −17ಕ್ಕೆ ಇಳಿದ ಮೇಲೆ ಹೋಗಲಿ. ಏರುವಾಗ ಒಂದು ಗೆರೆ, ಇಳಿಯುವಾಗ ಇನ್ನೊಂದು ಗೆರೆ. ಕೋಡ್‌ನಲ್ಲಿ ನಾಲ್ಕೈದು ಸಾಲು ಜಾಸ್ತಿ ಆಗಬಹುದು, ಅಷ್ಟೇ ಅಲ್ವಾ? ಅಂಕಿಗಳನ್ನು ನಾನು ಸುಮ್ನೆ ಉದಾಹರಣೆಗೆ ಹೇಳಿದ್ದು. ನಿಮ್ಮ ಚೇಂಬರ್ ನಿಮಗೇ ಗೊತ್ತು.

ಮೆಸೇಜಿನ ಮಾತುಗಳನ್ನೂ ನೋಡಿ. ನಿಮ್ಮದು ಹೀಗಿದೆ: ‘ಅಲರ್ಟ್! ಸೆನ್ಸರ್ 2 ವ್ಯಾಲ್ಯೂ −11.4 ಸ್ಟೇಟಸ್ ಹೈ.’ ಅದೂ ಇಂಗ್ಲಿಷಿನಲ್ಲಿ. ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಲ್ಲಿ ಫೋನ್ ನೋಡುವವನಿಗೆ ಸೆನ್ಸರ್ 2 ಅಂದರೆ ಯಾವ ಚೇಂಬರ್ ಅಂತ ಹೊಳೆಯಬೇಕು. ಹೀಗೆ ಬರೆದು ನೋಡಿ: ‘ಅಂಜಲ್ ಇಟ್ಟ ಚೇಂಬರ್ −11.4 ಡಿಗ್ರಿಗೆ ಬಂದಿದೆ. 20 ನಿಮಿಷದಿಂದ ಏರುತ್ತಿದೆ. ಬಾಗಿಲು ಹಾಕಿದೆಯಾ ನೋಡಿ, ಆಮೇಲೆ ಕಂಪ್ರೆಸರ್ ನೋಡಿ. ಹೊರಟವರು ಕೆಳಗೆ ಟಿಕ್ ಹಾಕಿ.’ ಎಲ್ಲಿ, ಏನು, ಎಷ್ಟು ಹೊತ್ತಿನಿಂದ, ಏನು ಮಾಡಬೇಕು, ಎಲ್ಲ ಬಂತು. ಯುಟಿಎಫ್-8 ಅನ್ನುವ ಅಕ್ಷರ ಸಂಕೇತದಲ್ಲಿ ಕಳಿಸಿದರೆ ಕನ್ನಡ ಅಕ್ಷರ ಸರಿಯಾಗೇ ಹೋಗುತ್ತದೆ. ಕನ್ನಡ ಲಿಪಿಯಲ್ಲಿ ತುಳು ಬರೆದರೂ ಹೋಗುತ್ತದೆ, ನಿಮ್ಮವರಿಗೆ ಅದೇ ಹತ್ತಿರವಾದರೆ ಹಾಗೇ ಮಾಡಿ. ಒಂದು ಮಾತು ಸೇರಿಸಿ: ಈ ಬಗೆಯ ವೆಬ್‌ಹುಕ್ ಒಂದೇ ದಿಕ್ಕಿನದು. ಯಾರು ಟಿಕ್ ಹಾಕಿದರು ಅನ್ನುವುದು ನಿಮ್ಮ ಪ್ರೋಗ್ರಾಮಿಗೆ ತಿಳಿಯುವುದಿಲ್ಲ. ಟಿಕ್ ಇರುವುದು ಗ್ರೂಪಿನ ಉಳಿದವರಿಗೆ.

ತಪ್ಪುಗಳೂ ಇವೆ. ವೆಬ್‌ಹುಕ್ ‘ಸರ್ವರನ್ನು ಆಗಾಗ ಪರೀಕ್ಷಿಸುತ್ತಿರುತ್ತದೆ’ ಅಂದಿದ್ದೀರಿ. ಅದು ಪೋಲಿಂಗ್, ಅಂದರೆ ಹೊಸದೇನಾದರೂ ಇದೆಯಾ ಅಂತ ಮತ್ತೆ ಮತ್ತೆ ಕೇಳುವುದು. ಇಲ್ಲಿ ಏನಾದರೂ ಆದಾಗ ನಿಮ್ಮ ಕಡೆಯಿಂದಲೇ ಒಂದು ಪೋಸ್ಟ್ ರಿಕ್ವೆಸ್ಟ್ (ಮಾಹಿತಿ ಹೊತ್ತ ಕೋರಿಕೆ) ಹೋಗುತ್ತದೆ. ವೆಬ್‌ಹುಕ್ ಸ್ಲ್ಯಾಕ್‌ನವರು ಕಂಡುಹಿಡಿದದ್ದೂ ಅಲ್ಲ. ಆ ಹೆಸರು ಕೊಟ್ಟದ್ದು ಜೆಫ್ ಲಿಂಡ್ಸೆ, 2007ರಲ್ಲಿ. ಆಗ ಸ್ಲ್ಯಾಕ್ ಹುಟ್ಟೇ ಇರಲಿಲ್ಲ. ‘ಇದೇ ಕೋಡ್ ಎಲ್ಲ ಆ್ಯಪಿಗೂ ನಡೆಯುತ್ತದೆ’ ಅನ್ನುವುದೂ ಸರಿಯಲ್ಲ. ಸ್ಲ್ಯಾಕ್ ಮತ್ತು ಗೂಗಲ್ ಚಾಟ್‌ನಲ್ಲಿ ಮೆಸೇಜ್ ‘ಟೆಕ್ಸ್ಟ್’ ಅನ್ನುವ ಫೀಲ್ಡಿನಲ್ಲಿ ಹೋಗುತ್ತದೆ, ಡಿಸ್ಕಾರ್ಡ್‌ನಲ್ಲಿ ‘ಕಂಟೆಂಟ್’. ಟೀಮ್ಸ್‌ನಲ್ಲಿ ಇದೇ ಕೆಲಸ ಮಾಡುತ್ತಿದ್ದ ಹಳೆಯ ಕನೆಕ್ಟರ್‌ಗಳನ್ನು ನಿಲ್ಲಿಸುವುದಾಗಿ ಮೈಕ್ರೋಸಾಫ್ಟ್ 2024ರಲ್ಲೇ ಹೇಳಿತು, ಈಗ ವರ್ಕ್‌ಫ್ಲೋಸ್ ದಾರಿ ಹಿಡಿಯಬೇಕು. ನಿಮಗೆ ಗೊತ್ತಿರುವುದು ಸ್ಲ್ಯಾಕ್. ಅದೊಂದನ್ನೇ ಬರೆಯಿರಿ.

ಇನ್ನು ನನ್ನನ್ನು ನಿಜವಾಗಿ ಕಾಡಿದ್ದು. ನಿಮ್ಮ ಪ್ರೋಗ್ರಾಂ ಮೆಸೇಜ್ ಕಳಿಸಿ ಮುಂದೆ ಹೋಗುತ್ತದೆ, ಬಂದ ಉತ್ತರ ನೋಡುವುದೇ ಇಲ್ಲ. ಸರಿಯಾಗಿ ಹೋದರೆ ಸ್ಲ್ಯಾಕ್ 200 ಕೋಡ್ ಜೊತೆ ‘ಓಕೆ’ ಅನ್ನುತ್ತದೆ. ವೆಬ್‌ಹುಕ್ ತೆಗೆದುಹಾಕಿದ್ದರೆ 404, ಚಾನೆಲನ್ನು (ಅಂದರೆ ಗ್ರೂಪನ್ನು) ಆರ್ಕೈವ್ ಮಾಡಿದ್ದರೆ 410. ಸೆಕೆಂಡಿಗೆ ಒಂದಕ್ಕಿಂತ ಜಾಸ್ತಿ ಕಳಿಸುತ್ತಾ ಹೋದರೆ 429, ಜೊತೆಗೆ ಎಷ್ಟು ಸೆಕೆಂಡ್ ಕಾಯಬೇಕು ಅಂತಲೂ ಹೇಳುತ್ತದೆ. ಇದನ್ನೆಲ್ಲ ಓದದಿದ್ದರೆ, ಮೆಸೇಜ್ ಹೋಗುತ್ತಿಲ್ಲ ಅನ್ನುವುದು ಮೀನು ಹಾಳಾದ ಮೇಲೆ ಗೊತ್ತಾಗುತ್ತದೆ. ಪೈಥಾನ್‌ನ ರಿಕ್ವೆಸ್ಟ್ಸ್ ಲೈಬ್ರರಿಗೆ ನೀವು ಟೈಮ್‌ಔಟ್ (ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕು ಅನ್ನುವ ಮಿತಿ) ಕೊಟ್ಟಿಲ್ಲ. ತಾನಾಗಿ ಅದಕ್ಕೆ ಟೈಮ್‌ಔಟ್ ಇರುವುದಿಲ್ಲ. ನೆಟ್ ಅರ್ಧಕ್ಕೆ ನಿಂತರೆ ಅದು ಉತ್ತರಕ್ಕಾಗಿ ಕಾಯುತ್ತಲೇ ಇರಬಹುದು, ಅಲ್ಲಿವರೆಗೆ ನಿಮ್ಮ ಲೂಪ್ ಸೆನ್ಸರನ್ನೂ ಓದುವುದಿಲ್ಲ.

ಕರೆಂಟ್ ಹೋದರೆ? ನಮ್ಮ ಕಡೆಯ ಮಳೆಗಾಲ ನಿಮಗೆ ಹೇಳಬೇಕಾಗಿಲ್ಲ. ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋದಾಗಲೇ ಚೇಂಬರ್ ಬಿಸಿಯಾಗುವುದು. ಅದೇ ಹೊತ್ತಿಗೆ ನಿಮ್ಮ ಚಿಕ್ಕ ಕಂಪ್ಯೂಟರೂ ರೌಟರೂ ಆಫ್. ಗ್ರೂಪ್ ಶಾಂತವಾಗಿರುತ್ತದೆ, ಎಲ್ಲರೂ ಸರಿ ಇದೆ ಅಂದುಕೊಳ್ಳುತ್ತಾರೆ. ಹಾಗಾಗಿ ಕಾವಲು ಹೊರಗಿನಿಂದಲೂ ಬೇಕು. ನಿಮ್ಮ ಪ್ರೋಗ್ರಾಂ ಪ್ರತಿ ಐದು ನಿಮಿಷಕ್ಕೆ ಬೇರೆ ಊರಿನ ಒಂದು ಸರ್ವರಿಗೆ ‘ಇದ್ದೇನೆ’ ಅಂತ ತಿಳಿಸಲಿ. ಗ್ರೂಪಿಗೆ ಬೇಡ. 15 ನಿಮಿಷ ಆ ಸುದ್ದಿ ಬರದಿದ್ದರೆ ಆ ಸರ್ವರೇ ಗ್ರೂಪಿಗೆ ಬರೆಯಲಿ: ‘ಮಲ್ಪೆಯಿಂದ ಸುದ್ದಿ ಇಲ್ಲ, ಯಾರಾದರೂ ಹೋಗಿ ನೋಡಿ.’ ಇದನ್ನು ಬರೆಯದೆ ಈ ಲೇಖನ ಹೊರಗೆ ಹೋಗಬಾರದು. ಓದಿದವರು ಅದನ್ನು ನಂಬಿ ಮಲಗುತ್ತಾರೆ.

ಮತ್ತೆ ಬರೆಯುವ ಮೊದಲು ಒಂದು ಕೆಲಸ ಮಾಡಿ. ಮ್ಯೂಟ್ ಮಾಡಿದವರಲ್ಲಿ ಇಬ್ಬರು ಮೂವರ ಹತ್ತಿರ ಕೂತು, ಯಾವ ಮೆಸೇಜ್ ಬಂದರೆ ನೀವು ಎದ್ದು ಹೋಗುತ್ತೀರಿ ಅಂತ ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಹಾಕಿ. ಕೋಡ್ ಅರ್ಧ ಪುಟ ಸಾಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ ಇರುತ್ತದಲ್ಲ, ಬಾಗಿಲು ತೆರೆದಿಟ್ಟು, ಪ್ಲಗ್ ಕಿತ್ತು ಎಲ್ಲ ಪರೀಕ್ಷೆ ಮಾಡಲು ನಿಮಗೆ ಅದೇ ಒಳ್ಳೆಯ ಸಮಯ. ಜುಲೈ ಮೂರನೇ ವಾರದೊಳಗೆ ಲೇಖನ ನನ್ನ ಕೈಗೆ ಬಂದರೆ, ಬೋಟುಗಳು ಮತ್ತೆ ಕಡಲಿಗೆ ಇಳಿಯುವ ಹೊತ್ತಿಗೆ ಪ್ರಕಟಿಸುತ್ತೇನೆ.

ಪ್ರೀತಿಯಿಂದ,
ಸಂಪಾದಕ, ಮಂಗಳೂರು