ಮಳೆಗಾಲದ ವೀಕೆಂಡ್, ಬೆಟ್ಟ, ಊಟ: ಕಕ್ಕಡ 18ಕ್ಕೆ ಕೊಡಗಿಗೆ ಹೋಗಿ

ನೀವು ಕೇಳಿದ್ದು ಇಷ್ಟು: ಬೆಂಗಳೂರಿನಿಂದ ಒಂದು ವೀಕೆಂಡ್ ಬೆಟ್ಟದ ಕಡೆ ಹೋಗಬೇಕು, ಜಾಸ್ತಿ ಓಡಾಟ ಬೇಡ, ಅರವತ್ತು ದಾಟಿದ ಅಪ್ಪ ಅಮ್ಮ ಜೊತೆಗಿರುತ್ತಾರೆ, ಊಟದ ಹಬ್ಬ ಯಾವುದಾದರೂ ಇದ್ದರೆ ಅದರ ಸುತ್ತಲೇ ಪ್ಲ್ಯಾನ್ ಮಾಡುವ ಆಸೆ. ಎಲ್ಲಿಗೆ, ಯಾವಾಗ?

ಕೊಡಗಿಗೆ ಹೋಗಿ. ಆಗಸ್ಟ್ 3ರ ಆಸುಪಾಸು ಹೋಗಿ.

ನನ್ನ ಹೆಂಡತಿಯ ತವರು ಅಮ್ಮತ್ತಿ ಕಡೆ. ಮದುವೆಯಾದ ಮೇಲೆ ಮಳೆಗಾಲದ ಕೊಡಗು ನನಗೆ ಅಡುಗೆಮನೆಯಿಂದಲೇ ಪರಿಚಯವಾದದ್ದು. ಅದಕ್ಕೇ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ. ಡಿಸೆಂಬರ್‌ನಲ್ಲಿ ಬಂದು ಅಬ್ಬಿ ಜಲಪಾತ, ರಾಜಾಸೀಟ್, ದುಬಾರೆ ಅಂತ ಸುತ್ತಿ ಹೋಗುವವರಿಗೆ ಈ ಊಟ ಸಿಗುವುದೇ ಇಲ್ಲ. ಮಳೆ ಬಂದರೆ ಮಾತ್ರ ಹುಟ್ಟುವ ಪದಾರ್ಥಗಳು ಇವು.

ಕೊಡವರ ಸೌರ ಪಂಚಾಂಗದಲ್ಲಿ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ತಿಂಗಳು ಕಕ್ಕಡ. ಕರಾವಳಿಯವರು ಆಟಿ ಅನ್ನುತ್ತಾರಲ್ಲ, ಅದೇ. ಗದ್ದೆಯಲ್ಲಿ ನಾಟಿ ಕೆಲಸ ಜೋರು, ಮಳೆ ಬಿಡುವುದಿಲ್ಲ, ಶುಭಕಾರ್ಯ ಯಾವುದೂ ಇಟ್ಟುಕೊಳ್ಳುವುದಿಲ್ಲ. ದಿನವಿಡೀ ಕೆಸರಲ್ಲಿ ನಿಂತು ಬಂದವರಿಗೆ ಮೈ ಬೆಚ್ಚಗಾಗುವ ಊಟ ಬೇಕು. ಹಾಗಾಗಿ ಈ ತಿಂಗಳ ಅಡುಗೆಯೆಲ್ಲ ಉಷ್ಣದ್ದು, ಖಾರದ್ದು, ಹುಳಿಯದ್ದು. ತಿಂಗಳ 18ನೇ ದಿನ ಕಕ್ಕಡ ಪದಿನೆಟ್ಟ್. ಅದು ಸಾಮಾನ್ಯವಾಗಿ ಆಗಸ್ಟ್ 3ಕ್ಕೆ ಬೀಳುತ್ತದೆ. ಅವತ್ತು ಮನೆಮನೆಯಲ್ಲೂ ಮದ್ದು ಸೊಪ್ಪಿನ ಅಡುಗೆ.

ಮದ್ದು ಸೊಪ್ಪು ಅನ್ನುವುದು ತೋಟದ ನೆರಳಲ್ಲಿ, ಬೇಲಿ ಬದಿಯಲ್ಲಿ ಬೆಳೆಯುವ ಒಂದು ಗಿಡ. ಸಸ್ಯಶಾಸ್ತ್ರದವರು ಜಸ್ಟೀಷಿಯಾ ವೈನಾಡೆನ್ಸಿಸ್ ಅನ್ನುತ್ತಾರೆ. ಕಕ್ಕಡ 18ರಂದು ಈ ಗಿಡದಲ್ಲಿ 18 ಬಗೆಯ ಔಷಧಿ ಗುಣ ಸೇರುತ್ತದೆ ಎಂಬುದು ನಂಬಿಕೆ. ಆ ದಿನದ ಹೊತ್ತಿಗೇ ಅದಕ್ಕೆ ಆ ಘಮ ಬರುವುದು ಅಂತ ಊರವರು ಹೇಳುತ್ತಾರೆ. ನಮ್ಮತ್ತೆ ಸೊಪ್ಪನ್ನು ಕಾಂಡದ ಸಮೇತ ತೊಳೆದು, ಕತ್ತರಿಸಿ, ದೊಡ್ಡ ಪಾತ್ರೆಯಲ್ಲಿ ನೀರು ಹಾಕಿ ಕುದಿಯಲು ಇಡುತ್ತಾರೆ. ಮೊದಲು ನೀರು ಸುಮ್ನೆ ಹಸಿರು. ಸ್ವಲ್ಪ ಹೊತ್ತಿಗೆ ಅಂಚಿನಲ್ಲಿ ನೇರಳೆ ಬಣ್ಣ ಬಿಡಲು ಶುರುವಾಗುತ್ತದೆ. ಆಮೇಲೆ ಇಡೀ ಪಾತ್ರೆ ಕಡು ನೇರಳೆ. ಹೊತ್ತಿಗೆ ಸರಿಯಾಗಿ ಘಮವೂ ಏಳುತ್ತದೆ. ಅಡುಗೆಮನೆ ದಾಟಿ ಜಗಲಿಗೆ ಬರುತ್ತದೆ. ಆ ನೀರನ್ನು ಸೋಸಿ ಅದರಲ್ಲೇ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಹಾಲು, ಏಲಕ್ಕಿ ಹಾಕಿದರೆ ಮದ್ದು ಪಾಯಸ. ಅಕ್ಕಿ ತರಿಯನ್ನು ಅದೇ ನೀರಲ್ಲಿ ಗಟ್ಟಿಯಾಗಿ ಬೇಯಿಸಿ ತಟ್ಟೆಗೆ ಸುರಿದು, ಆರಿದ ಮೇಲೆ ತುಂಡು ಮಾಡಿದರೆ ಮದ್ದು ಪುಟ್ಟು. ಅದರ ಮೇಲೆ ಜೇನು, ತುಪ್ಪ, ಹಸಿ ತೆಂಗಿನತುರಿ. ಬಣ್ಣ ನೋಡಿದರೆ ಅದೇನು ರುಚಿಯೋ ಅನ್ನಿಸಬಹುದು. ಬಾಯಿಗಿಟ್ಟರೆ ಸೌಮ್ಯ. ಜೇನು ಒಳ್ಳೆಯದಿದ್ದರೆ ನನಗೆ ಪಾಯಸಕ್ಕಿಂತ ಪುಟ್ಟೇ ಇಷ್ಟ.

ಒಂದು ಮಾತು ನಿಮ್ಮ ಅಪ್ಪ ಅಮ್ಮನಿಗೆ ಮೊದಲೇ ಹೇಳಿಬಿಡಿ. ಇದನ್ನು ತಿಂದ ಮೇಲೆ ಮೂತ್ರ ಕೆಂಪಾಗುತ್ತದೆ. ಸೊಪ್ಪಿನ ಬಣ್ಣ ಅಷ್ಟೇ. ಗೊತ್ತಿಲ್ಲದಿದ್ದರೆ ವಯಸ್ಸಾದವರು ಗಾಬರಿಯಾಗುತ್ತಾರೆ. ದಿನಾ ಮಾತ್ರೆ ತೆಗೆದುಕೊಳ್ಳುವವರಾದರೆ ಹೊರಡುವ ಮುಂಚೆ ಅವರ ಡಾಕ್ಟರನ್ನು ಒಂದು ಮಾತು ಕೇಳಿ, ಆಮೇಲೆ ಒಂದು ಸಣ್ಣ ಬಟ್ಟಲು ಸಾಕು.

ಇನ್ನು ಹಬ್ಬದ ವಿಷಯ. ಈ ದಿನಗಳಲ್ಲಿ ಕೊಡವ ಸಮಾಜಗಳು, ಪೊಮ್ಮಕ್ಕಡ ಕೂಟಗಳು (ಅಂದರೆ ಮಹಿಳಾ ಸಂಘಗಳು) ಅಲ್ಲಲ್ಲಿ ತಿನಿಸುಗಳ ಮೇಳ, ಅಡುಗೆ ಸ್ಪರ್ಧೆ ಇಡುತ್ತವೆ. ಹತ್ತಿರದ ರಜೆಯ ದಿನಕ್ಕೆ ಇಟ್ಟುಕೊಳ್ಳುವುದೂ ಉಂಟು. ಯಾವ ಊರಲ್ಲಿ ಯಾವತ್ತು ಅನ್ನುವುದನ್ನು ನೀವು ಉಳಿದುಕೊಳ್ಳುವ ಮನೆಯವರನ್ನೇ ಕೇಳಿ, ಅವರಿಗೆ ಗೊತ್ತಿರುತ್ತದೆ. ದೊಡ್ಡ ವೇದಿಕೆ, ಬಣ್ಣದ ಲೈಟು ನಿರೀಕ್ಷಿಸಬೇಡಿ. ಒಂದು ಸಭಾಂಗಣ, ಸಾಲು ಮೇಜು, ಮನೆಯಿಂದ ಮಾಡಿ ತಂದ ಪಾತ್ರೆಗಳು. ನನಗೆ ಅದೇ ಚೆಂದ ಕಾಣುತ್ತದೆ. ಪಾತ್ರೆಯ ಹಿಂದೆ ನಿಂತವರೇ ಮಾಡಿದವರು. ಹೇಗೆ ಮಾಡಿದಿರಿ ಅಂತ ಕೇಳಿದರೆ ಪೂರ್ತಿ ಹೇಳುತ್ತಾರೆ, ಪಕ್ಕದವರು ಬಂದು ನಾವು ಹಾಗಲ್ಲ ಮಾಡೋದು ಅಂತ ತಿದ್ದುತ್ತಾರೆ.

ಆದರೆ ನನ್ನ ಅಭಿಪ್ರಾಯ ಕೇಳಿದರೆ, ಮೇಳದಲ್ಲಿ ರುಚಿ ನೋಡಿ, ಊಟವನ್ನು ಮನೆಯಲ್ಲಿ ಮಾಡಿ. ಬೆಳಿಗ್ಗೆ ಬೇಗ ಹೋಗಿ ಒಂದೆರಡು ಗಂಟೆ ಇದ್ದು ಬನ್ನಿ. ಚಿಕ್ಕ ಚಿಕ್ಕ ತುತ್ತು, ಹಲವು ಬಗೆ. ಯಾವುದು ಹಿಡಿಸಿತೋ ಅದನ್ನು ರಾತ್ರಿ ಊಟಕ್ಕೆ ಮಾಡಿಕೊಡುತ್ತೀರಾ ಅಂತ ಹೋಂಸ್ಟೇ ಮನೆಯವರನ್ನು ಕೇಳಿ. ನಿಂತುಕೊಂಡು, ಛತ್ರಿ ಕಂಕುಳಲ್ಲಿ ಇಟ್ಟುಕೊಂಡು, ಪೇಪರ್ ತಟ್ಟೆಯಲ್ಲಿ ತಿನ್ನುವ ಊಟ ಅಲ್ಲ ಇದು.

ಏನೇನು ಕೇಳಬೇಕು? ಮೊದಲು ಬೈಂಬಳೆ ಕರಿ, ಎಳೆ ಬಿದಿರಿನದು. ಕಣಿಲೆ ಅಂದರೆ ಮಲೆನಾಡಿನವರಿಗೂ ಗೊತ್ತು. ಹಸಿ ಕಣಿಲೆಯಲ್ಲಿ ವಿಷದ ಅಂಶ ಇರುತ್ತದೆ, ಅದಕ್ಕೇ ತೆಳ್ಳಗೆ ಹೆಚ್ಚಿ ಎರಡು ಮೂರು ದಿನ ನೀರಲ್ಲಿಟ್ಟು, ನೀರು ಬದಲಿಸುತ್ತಾ ಬರುತ್ತಾರೆ. ಆಮೇಲೆ ಬೇಯಿಸಿ, ತೆಂಗಿನಕಾಯಿ ಮಸಾಲೆ. ವಾಸನೆ ಸ್ವಲ್ಪ ಜೋರು. ಮೊದಲ ಸಲ ತಿನ್ನುವವರು ಕಡಿಮೆ ಹಾಕಿಸಿಕೊಳ್ಳಿ, ಉಷ್ಣ. ಜೊತೆಗೆ ಅಕ್ಕಿ ಒಟ್ಟಿ. ಅನ್ನ ಮತ್ತು ಅಕ್ಕಿ ಹಿಟ್ಟು ಸೇರಿಸಿ ನಾದಿ, ಹಂಚಿನ ಮೇಲೆ ಸುಟ್ಟು, ಕೊನೆಗೆ ಕೆಂಡದ ಮೇಲಿಟ್ಟರೆ ಪೂರಿಯಂತೆ ಉಬ್ಬುತ್ತದೆ. ಒಟ್ಟಿ ತಣ್ಣಗಾಗುವ ಮುಂಚೆ ತಿನ್ನಬೇಕು, ಅದಕ್ಕೇ ಊಟ ಮನೆಯಲ್ಲಿ ಮಾಡಿ ಅಂದದ್ದು.

ಕುಮ್ಮ್ ಅಂದರೆ ಅಣಬೆ. ಗುಡುಗು ಬಂದ ಮರುದಿನ ತೋಟದಲ್ಲಿ ಏಳುತ್ತದೆ ಅಂತ ಹುಡುಕಲು ಹೋಗುತ್ತಾರೆ. ಗೊತ್ತಿರುವವರು ಕಿತ್ತು ತಂದದ್ದನ್ನು ಮಾತ್ರ ತಿನ್ನಿ, ನೀವಾಗಿ ಕೀಳಲು ಹೋಗಬೇಡಿ. ವಿಷದ ಅಣಬೆ ನೋಡಲು ಹೀಗೇ ಇರುತ್ತದೆ. ಮಾಂಸ ತಿನ್ನುವವರಾದರೆ ಞಂಡ್ ಕರಿ ಬಿಡಬೇಡಿ. ಗದ್ದೆಯಲ್ಲಿ, ತೋಡಿನಲ್ಲಿ ಹಿಡಿದ ಏಡಿ. ತಿನ್ನಲು ಸಮಯ ಬೇಕು. ಕಾಲು ಮುರಿದು, ಕಚ್ಚಿ, ರಸ ಹೀರಿ, ಬೆರಳು ನೆಕ್ಕಿ. ನಮ್ಮ ಮಾವನವರು ಏಡಿ ಇದ್ದ ದಿನ ಊಟಕ್ಕೆ ಕೂತರೆ ಯಾರ ಜೊತೆಯೂ ಮಾತಾಡುವುದಿಲ್ಲ. ನಾಟಿ ಕೋಳಿ ಸಾರು ಹೇಗೂ ಇದ್ದೇ ಇರುತ್ತದೆ.

ಪಂದಿ ಕರಿ, ಅಂದರೆ ಹಂದಿ ಮಾಂಸದ್ದು, ವರ್ಷವಿಡೀ ಸಿಗುವುದೇ, ಆದರೂ ಮಳೆಯಲ್ಲಿ ಅದರ ರುಚಿಯೇ ಬೇರೆ. ಆ ಕಪ್ಪು ಬಣ್ಣ ಬರುವುದು ಹುರಿದು ಪುಡಿ ಮಾಡಿದ ಮೆಣಸು, ಕೊತ್ತಂಬರಿ, ಜೀರಿಗೆ, ಸಾಸಿವೆಯಿಂದ, ಜೊತೆಗೆ ಕಾಚಂಪುಳಿಯಿಂದ. ಒಂದು ಕಾಡುಹುಳಿ ಹಣ್ಣಿನ ರಸವನ್ನು ಇಳಿಸಿ, ಕಪ್ಪಗೆ ದಪ್ಪಗೆ ಆಗುವವರೆಗೆ ಕುದಿಸಿ ಇಟ್ಟದ್ದು ಕಾಚಂಪುಳಿ. ವರ್ಷಗಟ್ಟಲೆ ಕೆಡುವುದಿಲ್ಲ. ಕರಿ ಇಳಿಸುವ ಮುಂಚೆ ಒಂದೆರಡು ಚಮಚ ಸಾಕು. ಇದರ ಜೊತೆ ಕಡಂಬುಟ್ಟು, ಅಂದರೆ ಅಕ್ಕಿ ತರಿಯ ಉಂಡೆ ಹಬೆಯಲ್ಲಿ ಬೇಯಿಸಿದ್ದು. ಉಂಡೆ ಮುರಿದು ಕರಿಯಲ್ಲಿ ಒತ್ತಿ ತಿನ್ನಬೇಕು. ಊರಿಗೆ ಏನಾದರೂ ತರಬೇಕು ಅಂದರೆ ಒಂದು ಬಾಟಲಿ ಮನೆಯ ಕಾಚಂಪುಳಿ ಕೇಳಿ. ಹೋಂಮೇಡ್ ವೈನ್, ಚಾಕಲೇಟ್ ಅಂಗಡಿಗಳ ಮುಂದೆ ಗಾಡಿ ನಿಲ್ಲಿಸುವುದಕ್ಕಿಂತ ಅದು ಎಷ್ಟೋ ಮೇಲು.

ನಿಮ್ಮ ಮನೆಯವರು ಸಸ್ಯಾಹಾರಿಗಳಾ ಅಂತ ನೀವು ಬರೆದಿಲ್ಲ. ಆಗಿದ್ದರೂ ಯೋಚನೆ ಬೇಡ. ಕೆಂಬು ಎಲೆ ಅಂದರೆ ಕೆಸುವಿನ ಸೊಪ್ಪಿನ ಹುಳಿ ಕರಿ, ತೆರ್ಮೆ ತೊಪ್ಪು ಅನ್ನುವ ಎಳೆ ಜರೀಗಿಡದ ಪಲ್ಯ, ಹಲಸಿನ ಬೀಜ, ಕಣಿಲೆ, ಅಣಬೆ, ನೂಲ್‌ಪುಟ್ಟು (ಅಕ್ಕಿ ಶಾವಿಗೆ), ಪಾಪುಟ್ಟು (ಅಕ್ಕಿ ತರಿ, ಹಾಲು, ತೆಂಗಿನತುರಿ ಹಾಕಿ ಹಬೆಯಲ್ಲಿ ಬೇಯಿಸಿದ್ದು), ಮದ್ದು ಪುಟ್ಟು. ಕಕ್ಕಡದಲ್ಲಿ ಸೊಪ್ಪು ತಿನ್ನುವವರಿಗೇ ಬಗೆ ಜಾಸ್ತಿ. ಪಾತ್ರೆ ಬೇರೆ ಬೇಕು ಅನ್ನುವವರಾದರೆ ಬುಕ್ ಮಾಡುವಾಗಲೇ ಹೇಳಿ.

ಹಾಗಾಗಿ ಉಳಿಯುವ ಜಾಗವನ್ನು ಫೋಟೋ ನೋಡಿ ಆರಿಸಬೇಡಿ. ಫೋನ್ ಮಾಡಿ. ಅಡುಗೆ ಯಾರು ಮಾಡುತ್ತಾರೆ, ಮನೆಯವರೇನಾ, ಕಕ್ಕಡದ ಅಡುಗೆ ಮಾಡಿಕೊಡುತ್ತೀರಾ, ಅವತ್ತು ಮದ್ದು ಪಾಯಸ ಇರುತ್ತಾ ಅಂತ ಕೇಳಿ. ಉತ್ತರ ಕೊಡುವ ಧಾಟಿಯಲ್ಲೇ ಗೊತ್ತಾಗುತ್ತದೆ. ಗೋಬಿ ಮಂಚೂರಿ, ಬಟರ್ ನಾನ್ ಎಲ್ಲ ಸಿಗುತ್ತೆ ಸಾರ್ ಅಂದರೆ ಬೇರೆ ಕಡೆ ನೋಡಿ.

ಮಳೆಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಮುತ್ತ ಗುಡ್ಡಗಳೇ ಜಾರಿ ಬಂದವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದು ಅರ್ಚಕರ ಮನೆಯೇ ಹೋಯಿತು. ರೆಡ್ ಅಲರ್ಟ್ ಇದ್ದರೆ ಹೊರಡಲೇಬೇಡಿ, ಒಂದು ವಾರ ಮುಂದೂಡಿ. ಕಕ್ಕಡ ತಿಂಗಳಿಡೀ ಈ ಅಡುಗೆ ಇರುತ್ತದೆ, ಮದ್ದು ಸೊಪ್ಪೂ ಇನ್ನೂ ಕೆಲ ದಿನ ಸಿಗುತ್ತದೆ. ಹಣ ವಾಪಸ್ ಬರುವ ಅಥವಾ ತಾರೀಕು ಬದಲಿಸಬಹುದಾದ ಬುಕಿಂಗ್ ಮಾತ್ರ ಮಾಡಿ. ವಯಸ್ಸಾದವರು ಇರುವುದರಿಂದ ಅಮ್ಮತ್ತಿ, ಪಾಲಿಬೆಟ್ಟ, ಗೋಣಿಕೊಪ್ಪಲು ಕಡೆ ನೋಡಿ. ಅಲ್ಲಿ ಇಳಿಜಾರು ಕಡಿಮೆ, ಮಳೆಯೂ ಭಾಗಮಂಡಲದಷ್ಟು ಇಲ್ಲ. ದೊಡ್ಡ ಬೆಟ್ಟವೇ ಕಾಣಬೇಕು ಅಂದರೆ ಮಡಿಕೇರಿ ಸರಿ, ಆದರೆ ಮನೆಯ ಹಿಂದೆ ಗುಡ್ಡ ಕಡಿದು ಜಾಗ ಮಾಡಿದ್ದಾರಾ ಅಂತ ಕೇಳಿ. ಮಾಡಿದ್ದರೆ ಬೇಡ. ಅಮ್ಮತ್ತಿ, ಸಿದ್ದಾಪುರ ಕಡೆ ಕಾಫಿ ತೋಟಗಳಿಗೆ ಆನೆ ಬರುತ್ತದೆ. ಮುಂಜಾನೆ, ಸಂಜೆ ತೋಟದೊಳಗೆ ಒಬ್ಬೊಬ್ಬರೇ ಅಡ್ಡಾಡಬೇಡಿ.

ದಾರಿ ಸುಲಭ. ಕೊಡಗಿಗೆ ರೈಲಿಲ್ಲ, ಮೈಸೂರೇ ಹತ್ತಿರದ ದೊಡ್ಡ ಸ್ಟೇಷನ್. ಮಡಿಕೇರಿಗಾದರೆ ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರದ ಮೇಲೆ ಸುಮಾರು 120 ಕಿ.ಮೀ. ಗೋಣಿಕೊಪ್ಪಲು ಕಡೆಗಾದರೆ ಹುಣಸೂರಿನಿಂದ ತಿತಿಮತಿ ಮೇಲೆ ಕಾಡಿನ ದಾರಿ, ಕತ್ತಲಾಗುವ ಮುಂಚೆ ದಾಟಿ. ಬೆಳಿಗ್ಗೆ ಬೇಗ ಬೆಂಗಳೂರು ಬಿಟ್ಟರೆ ಮಧ್ಯಾಹ್ನದ ಊಟಕ್ಕೆ ತಲುಪುತ್ತೀರಿ.

ತಲುಪಿದ ಮೇಲೆ ಏನು ಮಾಡಬೇಕು ಅಂದರೆ, ಏನೂ ಬೇಡ. ಮಧ್ಯಾಹ್ನ ಉಂಡು ಮಲಗಿ. ಸಂಜೆ ಜಗಲಿಯಲ್ಲಿ ಕೂತು ಬೆಲ್ಲದ ಕಾಫಿ ಕುಡಿಯಿರಿ. ಅಮ್ಮನಿಗೆ ಇಷ್ಟವಿದ್ದರೆ ಅಡುಗೆಮನೆಗೆ ಹೋಗಿ ಸೊಪ್ಪು ಬಿಡಿಸಲು ಕೂರಲಿ. ಮನೆಯೊಡತಿ ಜೊತೆ ಮಾತು ಶುರುವಾದರೆ ಊಟದ ಹೊತ್ತಿನವರೆಗೆ ಮುಗಿಯುವುದಿಲ್ಲ. ಹೊರಗೆ ಹೋಗಲೇಬೇಕು ಅನ್ನಿಸಿದರೆ ನಾಟಿ ಗದ್ದೆಯ ಬದುವಿನವರೆಗೆ ನಡೆದು ಬನ್ನಿ. ಜಿಗಣೆ ಹತ್ತುತ್ತದೆ, ಉದ್ದ ಸಾಕ್ಸ್ ಮತ್ತು ಒಂದು ಸಣ್ಣ ಗಂಟು ಉಪ್ಪು ಜೊತೆಗಿರಲಿ. ಬಟ್ಟೆ ಒಣಗುವುದಿಲ್ಲ, ಎರಡು ಜೊತೆ ಹೆಚ್ಚಿಗೆ ಇಟ್ಟುಕೊಳ್ಳಿ. ಕರೆಂಟ್ ಹೋಗುತ್ತಿರುತ್ತದೆ, ಟಾರ್ಚ್ ಬೇಕು. ಅಪ್ಪ ಅಮ್ಮನ ಮಾತ್ರೆಗಳನ್ನು ನಾಲ್ಕು ದಿನಕ್ಕೆ ಹೆಚ್ಚಾಗಿ ತನ್ನಿ, ಮಳೆಗೆ ರಸ್ತೆ ಬಂದ್ ಆದರೆ ಅಲ್ಲೇ ಉಳಿಯಬೇಕಾಗಬಹುದು.

ಈ ತಾರೀಕು ಆಗುವುದೇ ಇಲ್ಲ ಅಂದರೆ ನವೆಂಬರ್ ಕೊನೆ, ಡಿಸೆಂಬರ್ ಹೊತ್ತಿಗೆ ಪುತ್ತರಿ ಬರುತ್ತದೆ. ಅದು ಹೊಸ ಅಕ್ಕಿಯ ಹಬ್ಬ. ಹೊಸ ಅಕ್ಕಿ ಪಾಯಸ, ಬಾಳೆಹಣ್ಣಿನ ತಂಬುಟ್ಟು, ಪುತ್ತರಿ ಗೆಣಸು. ಚೆಂದದ ಹಬ್ಬ, ಆದರೆ ಮನೆಯವರು ತಮ್ಮ ಐನ್‌ಮನೆಗೆ (ಕುಟುಂಬದ ಮೂಲ ಮನೆಗೆ) ಹೋಗಿರುತ್ತಾರೆ, ಹೊರಗಿನವರನ್ನು ನೋಡಿಕೊಳ್ಳಲು ಬಿಡುವು ಕಡಿಮೆ. ಮಡಿಕೇರಿ ದಸರಾದ ಜನಜಂಗುಳಿಯಲ್ಲಿ ನೀವು ಕೇಳುವ ಆರಾಮ ಸಿಗುವುದಿಲ್ಲ.

2026ರಲ್ಲಿ ಆಗಸ್ಟ್ 3 ಸೋಮವಾರ. ನನ್ನ ಪ್ರಕಾರ ನಿಮಗೆ ಇದಕ್ಕಿಂತ ಒಳ್ಳೆ ಹೊಂದಾಣಿಕೆ ಸಿಗುವುದಿಲ್ಲ. ಶನಿವಾರ ತಲುಪಿ, ಭಾನುವಾರ ಮೇಳ ಇದ್ದರೆ ನೋಡಿ, ಸೋಮವಾರಕ್ಕೆ ಒಂದು ರಜೆ ಹಾಕಿ ಬೆಳಿಗ್ಗೆ ಮನೆಯಲ್ಲೇ ಮದ್ದು ಪುಟ್ಟು ತಿಂದು, ಬೇಗ ಊಟ ಮುಗಿಸಿ ಹೊರಡಿ. ತೋಟದ ಮನೆಗಳಲ್ಲಿ ಕೋಣೆಗಳೇ ಮೂರೋ ನಾಲ್ಕೋ ಇರುವುದು. ಹಾಗಾಗಿ ಜೂನ್‌ನಲ್ಲೇ ಫೋನ್ ಮಾಡಿ. ಯಾವ ಊರು ಅಂತ ನಿರ್ಧಾರವಾದ ಮೇಲೆ ಕಾಮೆಂಟಲ್ಲಿ ಬರೆಯಿರಿ, ಆ ಕಡೆ ಮೇಳ ಯಾವತ್ತು ಅಂತ ನಮ್ಮತ್ತೆಯನ್ನು ಕೇಳಿ ತಿಳಿಸುತ್ತೇನೆ.